ಮಗಳ ಗಣಿತ, ನಮ್ಮ ಹೊಲದ ಬದು

ಈ ಸಲ ಗೊಬ್ಬರ, ಔಷಧಿ ಸುದ್ದಿ ಅಲ್ಲ, ನಮ್ಮ ಮನೆ ಸುದ್ದಿ. ಕೊನೆಗೆ ಬದುವಿನ ವಿಷಯಾನೂ ಇದೆ, ಪೂರ್ತಿ ಓದಿ.

ನಮ್ಮದು ಆನೇಕಲ್ ತಾಲ್ಲೂಕು. ಒಂದೂ ಮುಕ್ಕಾಲು ಎಕರೆ, ಮೇಲೆ ರಾಗಿ, ಕೆಳಗೆ ಸೇವಂತಿಗೆ. ಹೊಲದಲ್ಲಿ ನಿಂತರೆ ಎಲೆಕ್ಟ್ರಾನಿಕ್ ಸಿಟಿ ಕಟ್ಟಡಗಳು ಕಾಣ್ತವೆ. ಮಗಳು ಹತ್ತನೇ ಕ್ಲಾಸ್‌ವರೆಗೆ ಕನ್ನಡ ಮೀಡಿಯಂ ಓದಿದವಳು. ಈಗ ಇಂಜಿನಿಯರಿಂಗ್, ವಿಟಿಯು ಸಿಲಬಸ್ಸು. ಎರಡನೇ ಸೆಮಿಸ್ಟರ್ ಗಣಿತದಲ್ಲಿ ಫೇಲಾದಳು. 100ಕ್ಕೆ 24.

ನಾನು ಏನಂದೆ ಅನ್ನೋದನ್ನ ಮುಚ್ಚಿಡಲ್ಲ. "ನಾನು ಎಸ್ಸೆಸ್ಸೆಲ್ಸಿ ಲೆಕ್ಕದಲ್ಲಿ 71 ತಗೊಂಡಿದ್ದೆ. ಇಷ್ಟು ಫೀಸು ಕಟ್ಟಿದ್ರೂ ನಿನಗೆ ಬರಲ್ವಾ?" ಅಂದುಬಿಟ್ಟೆ. ಅವಳು ಮಾತಾಡಲಿಲ್ಲ. ಎರಡು ದಿನ ಬಿಟ್ಟು ಅವಳಮ್ಮನ ಹತ್ತಿರ, "ಕಾಲೇಜು ಬಿಡ್ತೀನಿ, ಬೊಮ್ಮಸಂದ್ರದಲ್ಲಿ ಯಾವುದಾದ್ರೂ ಫ್ಯಾಕ್ಟರಿಗೆ ಸೇರ್ಕೋತೀನಿ" ಅಂದಳಂತೆ. ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಬೆಳಗ್ಗೆ ಅವಳ ಪುಸ್ತಕ ತೆಗೆದು ಕೂತೆ. ವೆಕ್ಟರ್ ಕ್ಯಾಲ್ಕುಲಸ್ ಅಂತೆ. ತಲೆಕೆಳಗಾದ ತ್ರಿಕೋನ, ಅದರ ಪಕ್ಕ ಒಂದು ಕಡೆ ಚುಕ್ಕೆ, ಇನ್ನೊಂದು ಕಡೆ ಗುಣಾಕಾರದ ಗುರುತು. "ಇದೇನಮ್ಮ, ಹೇಳು" ಅಂದೆ. "ನಿಂಗೆ ಅರ್ಥ ಆಗಲ್ಲ ಬಿಡಪ್ಪ" ಅಂದಳು. "ನಿಂಗೂ ಆಗಿಲ್ವಲ್ಲ, ಇಬ್ರೂ ಒಂದೇ" ಅಂದೆ. ಅವತ್ತು ಮೊದಲ ಸಲ ನಕ್ಕಳು.

ಗ್ರೇಡಿಯಂಟ್ ಅಂದ್ರೆ ಏರು ಯಾವ ದಿಕ್ಕಿಗೆ ಅತಿ ಹೆಚ್ಚು, ಎಷ್ಟು ಹೆಚ್ಚು ಅನ್ನೋ ಲೆಕ್ಕ. ನೀರು ಅದಕ್ಕೆ ಎದುರು ದಿಕ್ಕಿಗೆ ಇಳಿಯುತ್ತೆ. ಒಂದೇ ಮಟ್ಟದ ಗೆರೆ ಅದಕ್ಕೆ ನೇರ ಅಡ್ಡಲಾಗಿ ಹೋಗುತ್ತೆ. "ಇದು ನಾವು ಬದು ಹಾಕೋ ಲೆಕ್ಕ ಕಣಮ್ಮ, ಬಾ" ಅಂತ ಹೊಲಕ್ಕೆ ಕರ್ಕೊಂಡು ಹೋದೆ.

ದಾರೀಲಿ ಡೈವರ್ಜೆನ್ಸ್ ಹೇಳಿದಳು. ಒಂದು ಚಿಕ್ಕ ಜಾಗದಿಂದ ಹೊರಗೆ ಹೋದ ನೀರಲ್ಲಿ ಒಳಗೆ ಬಂದ ನೀರನ್ನ ಕಳೆಯೋದು. ಸೊನ್ನೆ ಬಂದ್ರೆ ಅಲ್ಲಿ ನೀರು ಉಕ್ಕೋದೂ ಇಲ್ಲ, ಇಂಗೋದೂ ಇಲ್ಲ.

ಕರ್ಲ್ ಹತ್ತಿರ ನಾನು ಸೋತೆ. ಕರ್ಲ್ ಅಂದ್ರೆ ಸುತ್ತುವಿಕೆ. "ಸುಳಿ ಇದ್ರೆ ತಾನೆ ಸುತ್ತೋದು? ನಮ್ಮ ಕಾಲುವೆ ನೆಟ್ಟಗಿದೆ, ಅದರಲ್ಲಿ ಎಲ್ಲಿ ಬಂತು ಕರ್ಲ್?" ಅಂದೆ. ಬೋರು ಓಡ್ತಿತ್ತು. ಅವಳು ಒಂದು ಸೇವಂತಿಗೆ ಹೂವು ಕಿತ್ತು ಕಾಲುವೆ ನಡುವೆ ಬಿಟ್ಟಳು. ನೆಟ್ಟಗೆ ಹೋಯ್ತು. ಇನ್ನೊಂದನ್ನ ದಡದ ಪಕ್ಕ ಬಿಟ್ಟಳು. ತಿರುಗುತ್ತಾ ಹೋಯ್ತು. ಆಚೆ ದಡದಲ್ಲಿ ಬಿಟ್ಟಿದ್ದು ಉಲ್ಟಾ ತಿರುಗಿತು. "ನಡುವೆ ನೀರು ಜೋರು, ದಡದಲ್ಲಿ ನಿಧಾನ. ಹೂವಿನ ಒಂದು ಮಗ್ಗುಲಿಗೆ ಜಾಸ್ತಿ ತಳ್ಳುತ್ತೆ, ಅದಕ್ಕೇ ತಿರುಗೋದು. ನೆಟ್ಟಗೆ ಹರಿಯೋ ನೀರಲ್ಲೂ ಕರ್ಲ್ ಇದೆ ಅಪ್ಪ" ಅಂದಳು. 30 ವರ್ಷ ನೀರು ಕಟ್ಟಿದ್ದೀನಿ, ಇದನ್ನ ಗಮನಿಸಿರಲಿಲ್ಲ.

ಕೆಳಗಿನ ಬದುವಿನ ಹತ್ತಿರ ಬಂದಾಗ ಅವಳೇ ಕೇಳಿದಳು, "ಹೋದ ಮಳೆಗೆ ಇದು ಯಾಕೆ ಒಡೀತು?" ಗಾರೆ ಕೆಲಸದವರು ಮಟ್ಟ ನೋಡೋ ಪೈಪಿಗೆ ನೀರು ತುಂಬಿ ಇಬ್ಬರೂ ಒಂದೊಂದು ತುದಿ ಹಿಡಿದ್ವಿ. ಒಂದು ಕೊನೆ ನಾಲ್ಕು ಬೆರಳು ಕೆಳಗಿತ್ತು. ನೀರು ಬದುವಿನ ಗುಂಟ ಓಡಿ ಅಲ್ಲೇ ಸೇರಿ ಒಡೆದಿದೆ. ನಾನು ಕಣ್ಣಳತೇಲಿ ಹಾಕಿದ್ದ ಬದು ಅದು. ಆ ಕೊನೆಯನ್ನ ಮೇಲಕ್ಕೆ ಸರಿಸಿ ಮಟ್ಟಕ್ಕೆ ತಂದು ಮತ್ತೆ ಹಾಕಿದ್ವಿ.

ಅವಳ ಪಾಠದಲ್ಲಿ ಗ್ರೀನ್ ಪ್ರಮೇಯ ಅಂತ ಒಂದಿದೆ. ಅಂಚಿನ ಸುತ್ತ ಲೆಕ್ಕ ಹಾಕ್ಕೊಂಡು ಬಂದ್ರೆ ಒಳಗಿನ ಸುತ್ತುವಿಕೆಯ ಒಟ್ಟು ಮೊತ್ತ ಸಿಗುತ್ತೆ. ಆ ಜಾರ್ಜ್ ಗ್ರೀನ್ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ಗಾಳಿಗಿರಣಿ ನಡೆಸುತ್ತಿದ್ದವರು. ಚಿಕ್ಕಂದಿನಲ್ಲಿ ಶಾಲೆಗೆ ಹೋಗಿದ್ದು ಸುಮಾರು ಒಂದು ವರ್ಷ. 1828ರಲ್ಲಿ ತಮ್ಮ ಲೆಕ್ಕವನ್ನ ಅಚ್ಚು ಹಾಕಿಸಿದರು. ಕೇಂಬ್ರಿಡ್ಜ್‌ಗೆ ಓದೋಕೆ ಸೇರಿದಾಗ ವಯಸ್ಸು 40ರ ಹತ್ತಿರ. ಇದನ್ನೂ ಹೇಳಿದ್ದು ಮಗಳೇ.

ಪರೀಕ್ಷೆ ಮತ್ತೆ ಬರೆದಿದ್ದಾಳೆ, ರಿಸಲ್ಟ್ ಇನ್ನೂ ಬಂದಿಲ್ಲ. ಏನೇ ಬರಲಿ ಕಾಲೇಜು ಬಿಡಲ್ಲ ಅಂದಿದ್ದಾಳೆ. ನಾನೂ ಆ 71ರ ಮಾತು ಇನ್ನು ಎತ್ತಲ್ಲ.

ನೀವೂ ಮಳೆಗೆ ಮುಂಚೆ ನಿಮ್ಮ ಬದುಗಳ ಮಟ್ಟ ಒಂದ್ಸಲ ನೋಡ್ಕೊಳ್ಳಿ, ಕಣ್ಣಳತೆ ನಂಬಬೇಡಿ. ಪೈಪು ಬೇಕಾದ್ರೆ ನಮ್ಮನೆಗೆ ಬನ್ನಿ. ಇನ್ನೊಂದು ತುದಿ ಹಿಡಿಯೋಕೆ ಮಕ್ಕಳನ್ನ ಕರ್ಕೊಂಡು ಹೋಗಿ.