ಆಟದ ಉಪಾಧ್ಯಾಯಿನಿಯ ಸ್ವಾತಂತ್ರ್ಯ

ಸ್ಮರಣಸಂಚಿಕೆಗೆ ಒಂದು ಲೇಖನವನ್ನು ಕಳುಹಿಸಬೇಕೆಂದು ನಮ್ಮ ಹಳೆಯ ವಿದ್ಯಾರ್ಥಿನಿಯರ ಸಂಘದವರು ಅಪ್ಪಣೆಮಾಡಿದಾಗ, ಮೂವತ್ತು ವರುಷ ಹುಡುಗಿಯರಿಗೆ ಆಟಗಳನ್ನು ಕಲಿಸುತ್ತ ಕಾಲಕಳೆದ ನನಗೆ ಆಟದ ಹೊರತು ಬೇರೆ ವಿಷಯವು ತೋಚಲಿಲ್ಲ. ಆದರೆ ಆಟದ ವರ್ಣನೆಯನ್ನು ಬರೆಯುವದು ನನ್ನ ಉದ್ದೇಶವಲ್ಲ. ಗೆಲ್ಲುವ ತಂಡವೊಂದರ ಮೇಲೆ ಯಾರ ಅಧಿಕಾರವಿರಬೇಕು? ಬೆವರು ಸುರಿಸಿ ಕಲಿಸಿದವಳದೋ, ಸಂಬಳ ಕೊಡುವ ಆಡಳಿತದವರದೋ, ಬಯಲಿನ ಸುತ್ತ ನಿಂತು ಜಯಕಾರಮಾಡುವ ಅಭಿಮಾನಿಗಳದೋ? ಈ ಪ್ರಶ್ನೆಯು ನಮ್ಮ ಚಿಕ್ಕ ಶಾಲೆಗಳಲ್ಲಿಯೂ ಏಳುವದುಂಟು. ಅದು ಬಹು ದೊಡ್ಡ ಪ್ರಮಾಣದಲ್ಲಿ ಎದ್ದ ಒಂದು ಊರಿನ ವೃತ್ತಾಂತವನ್ನು ಹೇಳಿ, ಅದರಿಂದ ನನಗೆ ತಿಳಿದುಬಂದದ್ದನ್ನು ಸಹೋದರಿಯರ ಮತ್ತು ಪೋಷಕರ ಮುಂದೆ ಇಡುತ್ತೇನೆ.

ಬಾಸ್ಕೆಟ್‌ಬಾಲ್ ಆಟಕ್ಕೂ ಮಿಶನ್ ಶಾಲೆಗಳಿಗೂ ಹುಟ್ಟಿನಿಂದಲೇ ನಂಟಿದೆ. 1891ನೆಯ ಇಸವಿಯ ಡಿಸೆಂಬರ್ ತಿಂಗಳಲ್ಲಿ, ಅಮೇರಿಕದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನ ವೈ.ಎಂ.ಸಿ.ಎ. ತರಬೇತು ಶಾಲೆಯಲ್ಲಿ, ದೇವಶಾಸ್ತ್ರವನ್ನು ಓದಿದ್ದ ಜೇಮ್ಸ್ ನೈಸ್ಮಿತರು ಎರಡು ಪೀಚ್ ಹಣ್ಣಿನ ಬುಟ್ಟಿಗಳನ್ನು ಉಪ್ಪರಿಗೆಯ ಕಟಕಟೆಗೆ ಕಟ್ಟಿ 13 ನಿಯಮಗಳನ್ನು ಬರೆದು ಈ ಆಟವನ್ನು ಆರಂಭಿಸಿದರು. ಮರುವರುಷವೇ ಸೆಂಡಾ ಬೆರೆನ್ಸನ್ ಎಂಬ ಉಪಾಧ್ಯಾಯಿನಿಯವರು ಸ್ಮಿತ್ ಕಾಲೇಜಿನ ಹುಡುಗಿಯರಿಗೆ ಅದನ್ನು ಕಲಿಸಿದರು. 1920ರಲ್ಲಿ ಹ್ಯಾರಿ ಕ್ರೋ ಬಕ್ ಎಂಬವರು ಮದ್ರಾಸಿನಲ್ಲಿ ವೈ.ಎಂ.ಸಿ.ಎ.ಯ ವ್ಯಾಯಾಮ ಶಿಕ್ಷಣ ಶಾಲೆಯನ್ನು ಸ್ಥಾಪಿಸಿದ ಮೇಲೆ, ಅಲ್ಲಿ ತರಬೇತು ಹೊಂದಿದವರು ದಕ್ಷಿಣದೇಶದ ಶಾಲೆಗಳಲ್ಲಿ ಆಟಗಳನ್ನು ಬಿತ್ತಿದರು. ಇನ್ನೊಂದು ಮಾತನ್ನು ಇಲ್ಲಿಯೇ ಹೇಳುವದು ಒಳ್ಳೇದು. ನೈಸ್ಮಿತರು 1898ರಿಂದ 1907ರ ವರೆಗೆ ಕ್ಯಾನ್ಸಸ್ ವಿಶ್ವವಿದ್ಯಾನಿಲಯದ ತಂಡವನ್ನು ನಡಿಸಿದಾಗ, ಗೆದ್ದ ಪಂದ್ಯಗಳು 55, ಸೋತವುಗಳು 60. ಆಟವನ್ನು ಸೃಷ್ಟಿಸಿದವರ ಲೆಕ್ಕದಲ್ಲಿಯೇ ಸೋಲು ಗೆಲುವನ್ನು ಮೀರಿತ್ತು. ಆದಾಗ್ಯೂ ಅವರು ಅದೇ ವಿದ್ಯಾಸಂಸ್ಥೆಯಲ್ಲಿ 1937ರ ವರೆಗೆ ಗೌರವಾನ್ವಿತರಾದ ಅಧ್ಯಾಪಕರಾಗಿದ್ದರು.

ನಾನು ಹೇಳಹೊರಟ ಊರು ಟೆನೆಸ್ಸೀ ಪ್ರಾಂತದ ನಾಕ್ಸ್‌ವಿಲ್. ಅಲ್ಲಿಯ ವಿಶ್ವವಿದ್ಯಾನಿಲಯದ ಹುಡುಗಿಯರ ಬಾಸ್ಕೆಟ್‌ಬಾಲ್ ತಂಡಕ್ಕೆ 1974ರಲ್ಲಿ ಪ್ಯಾಟ್ ಹೆಡ್ ಎಂಬ ಇಪ್ಪತ್ತೆರಡು ವರುಷದ ತರುಣಿಯನ್ನು ತರಬೇತುಗಾರ್ತಿಯನ್ನಾಗಿ ನೇಮಿಸಿದರು. ಆಕೆ ಬೇಸಾಯಗಾರರ ಮನೆಯ ಮಗಳು. ತಿಂಗಳಿಗೆ 250 ಡಾಲರ್ ಸಂಬಳ. ಹುಡುಗಿಯರ ಉಡುಪನ್ನು ಒಗೆಯುವವರೂ ಆಕೆಯೇ, ಪರಸ್ಥಳಕ್ಕೆ ಹೋಗುವಾಗ ವಾಹನವನ್ನು ನಡಿಸುವವರೂ ಆಕೆಯೇ. ಆ ಉಡುಪನ್ನಾದರೂ ಕರಿದ ಸಿಹಿತಿಂಡಿಯನ್ನು ಮಾರಿ ಕೂಡಿಸಿದ ಹಣದಿಂದ ಕೊಂಡದ್ದು. ವಿದ್ಯಾಸಂಸ್ಥೆಗಳಲ್ಲಿ ಹೆಣ್ಣುಗಂಡೆಂಬ ಭೇದವನ್ನು ನಿಷೇಧಿಸುವ ಕಾನೂನು ಆ ದೇಶದಲ್ಲಿ 1972ರಲ್ಲಿ ಹುಟ್ಟಿತ್ತಾದರೂ, ಹುಡುಗಿಯರ ಆಟವನ್ನು ನೋಡುವದಕ್ಕೆ ಬರುವವರು ಬೆರಳೆಣಿಕೆಯವರು. ಅಂಥ ಕಾಲದಲ್ಲಿ ಆಕೆಯ ಸ್ವಾತಂತ್ರ್ಯವನ್ನು ಯಾರೂ ಚರ್ಚಿಸಲಿಲ್ಲ. ಯಾರಿಗೂ ಬೇಡವಾದ ಹೊಲದಲ್ಲಿ ಏನು ಬಿತ್ತಿದರೂ ಕೇಳುವವರಿರುವದಿಲ್ಲವಷ್ಟೆ.

ಆದರೆ ಬೆಳೆ ಬಂತು. ವಿವಾಹವಾದ ಮೇಲೆ ಪ್ಯಾಟ್ ಸಮಿಟ್ ಎಂದು ಲೋಕವು ಅರಿತ ಈ ಮಹಿಳೆಯು 38 ವರುಷ ಒಂದೇ ಸ್ಥಾನದಲ್ಲಿದ್ದು 1,098 ಪಂದ್ಯಗಳನ್ನು ಗೆಲ್ಲಿಸಿದರು, ಸೋತವು 208. 1987ರಿಂದ 2008ರೊಳಗೆ 8 ಸಲ ದೇಶದ ಪ್ರಥಮ ಸ್ಥಾನವು ಆಕೆಯ ತಂಡಕ್ಕೆ ದೊರೆಯಿತು. 1976ರ ಒಲಿಂಪಿಕ್ ಕೂಟದಲ್ಲಿ ತಾವೇ ಆಡಿ ಬೆಳ್ಳಿಯ ಪದಕವನ್ನೂ, 1984ರಲ್ಲಿ ದೇಶದ ತಂಡಕ್ಕೆ ಕಲಿಸಿ ಚಿನ್ನದ ಪದಕವನ್ನೂ ತಂದರು. ಉಪಾಧ್ಯಾಯಿನಿಯಾದ ನನಗೆ ಇವೆಲ್ಲವುಗಳಿಗಿಂತ ಹಿರಿದಾಗಿ ತೋರುವದು ಬೇರೊಂದು ಸಂಗತಿ. ಆಕೆಯ ಹುಡುಗಿಯರು ತರಗತಿಯಲ್ಲಿ ಮೊದಲ ಮೂರು ಸಾಲುಗಳಲ್ಲಿಯೇ ಕುಳಿತುಕೊಳ್ಳಬೇಕು, ಪಾಠವನ್ನು ತಪ್ಪಿಸಕೂಡದು ಎಂಬದು ನಿಯಮವಾಗಿತ್ತು. ಆಕೆಯ ಕೈಕೆಳಗೆ ತಮ್ಮ ಆಟದ ವರುಷಗಳನ್ನು ಪೂರೈಸಿದ ಹುಡುಗಿಯರೆಲ್ಲರೂ ಪದವೀಧರೆಯರಾದರು.

ಗೆಲುವು ಬಂದಂತೆ ಅಭಿಮಾನಿಗಳು ಬಂದರು, ಅಭಿಮಾನಿಗಳೊಡನೆ ಚರ್ಚೆಯೂ ಬಂತು. ಗಂಡಸರ ತಂಡವನ್ನು ವಹಿಸಿಕೊಳ್ಳುವಿರಾ ಎಂದು ವಿಶ್ವವಿದ್ಯಾನಿಲಯದವರು ಕೇಳಿದಾಗ, ಅದನ್ನು ಬಡ್ತಿಯೆಂದು ಭಾವಿಸುವದೇಕೆಂದು ಆಕೆ ಒಪ್ಪಲಿಲ್ಲ. ಕನೆಕ್ಟಿಕಟ್ ವಿಶ್ವವಿದ್ಯಾನಿಲಯದ ತಂಡದೊಡನೆ 1995ರಿಂದ ನಡೆದುಬಂದ ಸ್ಪರ್ಧೆಯು ದೇಶವೆಲ್ಲ ಕಾದುನೋಡುವ ಪಂದ್ಯವಾಗಿತ್ತು. 2007ರಲ್ಲಿ ಆಕೆ ಅದನ್ನು ನಿಲ್ಲಿಸಿಬಿಟ್ಟರು. ಕಾರಣವನ್ನು ಆಗ ಬಹಿರಂಗವಾಗಿ ವಿವರಿಸಲಿಲ್ಲ. ಹೆಂಗಸರ ಆಟಕ್ಕೆ ಇದರಿಂದ ನಷ್ಟವೆಂದು ಕೆಲವರು, ಆಕೆಯ ತಂಡ ಆಕೆಯ ಇಷ್ಟವೆಂದು ಕೆಲವರು ವಾದಿಸಿದರು. ವಿಶ್ವವಿದ್ಯಾನಿಲಯವು ಆಕೆಯ ತೀರ್ಮಾನವನ್ನು ಮುರಿಯಲಿಲ್ಲ. ಆ ಪಂದ್ಯವು ಪುನಃ ನಡೆದದ್ದು 2020ರಲ್ಲಿ, ಆಕೆ ಲೋಕವನ್ನು ಬಿಟ್ಟುಹೋದ ಮೇಲೆ. ಗೆಲ್ಲುವ ಉಪಾಧ್ಯಾಯಿನಿಗೆ ಎಷ್ಟು ಸ್ವಾತಂತ್ರ್ಯವಿರಬಹುದೆಂಬದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನವು ನನಗೆ ತಿಳಿಯದು.

ಈ ಸ್ವಾತಂತ್ರ್ಯದ ಬೇರು ಎಲ್ಲಿತ್ತು? ಗೆಲುವಿನಲ್ಲಿ ಮಾತ್ರವಲ್ಲ. ಟೆನೆಸ್ಸೀಯಲ್ಲಿ ಹೆಂಗಸರ ಆಟಗಳಿಗೆ ಪ್ರತ್ಯೇಕವಾದ ಇಲಾಖೆಯೇ ಇತ್ತು. 1983ರಿಂದ ಅದಕ್ಕೆ ಜೋನ್ ಕ್ರೋನನ್ ಎಂಬ ಮಹಿಳೆಯೇ ಮುಖ್ಯಸ್ಥೆ. ಬೇರೆಡೆಗಳಲ್ಲಿ ನಡೆದದ್ದನ್ನು ನೋಡಿದರೆ ಇದರ ಬೆಲೆಯು ತಿಳಿಯುತ್ತದೆ. 1972ರಲ್ಲಿ ಆ ದೇಶದ ಕಾಲೇಜು ಹುಡುಗಿಯರ ತಂಡಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚಿನವುಗಳಿಗೆ ಹೆಂಗಸರೇ ಕಲಿಸುತ್ತಿದ್ದರು. ಹಣವೂ ಕೀರ್ತಿಯೂ ಬಂದ ಮೇಲೆ ಆ ಸಂಖ್ಯೆಯು ಅರ್ಧಕ್ಕೂ ಕೆಳಗಿಳಿಯಿತು. ಹೆಂಗಸರೇ ಕಟ್ಟಿ ನಡಿಸುತ್ತಿದ್ದ ಕಾಲೇಜು ಆಟಗಳ ಸಂಘವೂ 1982ರಲ್ಲಿ ನಿಂತು, ಅವರ ಪಂದ್ಯಾವಳಿಗಳು ಗಂಡಸರ ದೊಡ್ಡ ಸಂಘದ ವಶವಾದವು. ಬಡತನದಲ್ಲಿ ನಮ್ಮದಾಗಿದ್ದ ಮನೆಯು ಐಶ್ವರ್ಯ ಬಂದಾಗ ಪರರದಾಗುವದು ಲೋಕದಲ್ಲಿ ಹೊಸದಲ್ಲ.

2011ರ ಆಗಸ್ಟ್ ತಿಂಗಳಲ್ಲಿ, ತಮಗೆ ನೆನಪನ್ನು ಕುಂದಿಸುವ ಆಲ್‌ಜೈಮರ್ ರೋಗವು ಅಕಾಲದಲ್ಲಿಯೇ ತಗಲಿದೆಯೆಂದು ಶ್ರೀಮತಿ ಸಮಿಟ್ಟರು ತಾವೇ ಲೋಕಕ್ಕೆ ತಿಳಿಸಿದರು. ಇನ್ನೊಂದು ವರುಷದ ಆಟವನ್ನು ನಡಿಸಿ, 2012ರ ಏಪ್ರಿಲಿನಲ್ಲಿ ಸ್ಥಾನವನ್ನು ಬಿಟ್ಟುಕೊಟ್ಟರು. 2016ರಲ್ಲಿ ತಮ್ಮ 64ನೆಯ ವಯಸ್ಸಿನಲ್ಲಿ ತೀರಿಕೊಂಡರು. ವಾಚಕರು ಒಂದು ಸಂಗತಿಯನ್ನು ಗಮನಿಸಬೇಕು. ಆಕೆ ಸ್ಥಾನವನ್ನು ಬಿಟ್ಟ 2012ರಲ್ಲಿಯೇ ಹೆಂಗಸರ ಇಲಾಖೆಯನ್ನು ಗಂಡಸರದರೊಡನೆ ಕೂಡಿಸಿಬಿಟ್ಟರು. 2015ರಲ್ಲಿ, ಬಾಸ್ಕೆಟ್‌ಬಾಲ್ ಒಂದನ್ನು ಬಿಟ್ಟು ಮಿಕ್ಕ ಹುಡುಗಿಯರ ತಂಡಗಳಿಗಿದ್ದ ಲೇಡಿ ವಾಲಂಟಿಯರ್ಸ್ ಎಂಬ ಹೆಸರನ್ನೂ ತೆಗೆದರು. ಆಗ ಹಳೆಯ ಆಟಗಾರ್ತಿಯರೂ ಅಭಿಮಾನಿಗಳೂ ಎದ್ದುನಿಂತು, ಅರ್ಜಿಗಳ ಮೇಲೆ ಅರ್ಜಿಗಳನ್ನು ಹಾಕಿ, 2017ರಲ್ಲಿ ಹೆಸರನ್ನು ಮರಳಿ ಪಡೆದರು. ಅಭಿಮಾನವು ಒಳ್ಳೇದನ್ನು ಮಾಡಬಲ್ಲದೆಂಬದಕ್ಕೆ ಇದು ಸಾಕ್ಷಿ. ಆದರೆ ಹೆಸರು ಬಂದಂತೆ ಇಲಾಖೆಯು ಮರಳಿ ಬರಲಿಲ್ಲ.

ಸ್ಥಾನಕ್ಕೆ ಬಂದ ಹೋಲಿ ವಾರ್ಲಿಕ್ಕರು ಸಮಿಟ್ಟರ ಶಿಷ್ಯೆ, ಅನೇಕ ವರುಷಗಳ ಸಹಾಯಕಿ. ಏಳು ವರುಷಗಳಲ್ಲಿ 172 ಪಂದ್ಯಗಳನ್ನು ಗೆದ್ದು 67ರಲ್ಲಿ ಸೋತರು. 2019ರಲ್ಲಿ ಅವರನ್ನು ತೆಗೆದರು. ಅನಂತರ ಬಂದ ಕೆಲ್ಲೀ ಹಾರ್ಪರರೂ ಸಮಿಟ್ಟರ ಶಿಷ್ಯೆಯೇ. ಐದು ವರುಷಗಳಲ್ಲಿ 108 ಗೆಲುವು, 52 ಸೋಲು. 2024ರ ಏಪ್ರಿಲ್ 1ರಂದು ಅವರನ್ನೂ ತೆಗೆದರು. ಬೇರೆ ಯಾವ ಊರಿನಲ್ಲಾದರೂ ಇಂಥ ಲೆಕ್ಕಕ್ಕೆ ಮಾಲೆ ಹಾಕುತ್ತಿದ್ದರು. ಎಂಟು ಕಿರೀಟಗಳನ್ನು ಕಂಡ ಊರಿಗೆ ಅದು ಸಾಲದಾಯಿತು.

ಆ ದಿನಗಳಲ್ಲಿ ನಾನು ನಾಕ್ಸ್‌ವಿಲ್ಲಿನಲ್ಲಿದ್ದೆನು. ನನ್ನ ತಂಗಿಯ ಮಗಳು ಅಲ್ಲಿ ವಾಸವಾಗಿರುವದರಿಂದ ಬೇಸಗೆಗೆ ಕರಸಿಕೊಂಡಿದ್ದಳು. ಪುನರುತ್ಥಾನದ ಹಬ್ಬದ ಮಾರನೆಯ ದಿನ ಈ ವಾರ್ತೆಯು ಹಬ್ಬಿತು. ಮುಂದಿನ ಭಾನುವಾರ ಆರಾಧನೆಯು ಮುಗಿದು ಕಾಫಿಗೆ ಕೂಡಿದಾಗ ಬೇರೆ ಮಾತೇ ಇರಲಿಲ್ಲ. ಬಹು ವರುಷ ತಂಡದ ಪಂದ್ಯಗಳಿಗೆ ತಪ್ಪದೆ ಹೋದ ಒಬ್ಬ ವೃದ್ಧೆಯು, ಪ್ಯಾಟಮ್ಮನಿಗೆ ಮೊದಲ ಕಿರೀಟಕ್ಕೆ ಹದಿಮೂರು ವರುಷ ಹಿಡಿಯಿತು, ಈಕೆಗೆ ಐದೇ ವರುಷ ಕೊಟ್ಟರಲ್ಲಾ ಎಂದು ಮರುಗಿದಳು. ಒಬ್ಬ ಗೃಹಸ್ಥರು, ಸಂಸ್ಥೆಯು ಯಾವ ಒಬ್ಬರಿಗಿಂತಲೂ ದೊಡ್ಡದು, 2008ರಿಂದ ಒಂದು ಕಿರೀಟವೂ ಬಂದಿಲ್ಲ, ಇನ್ನೆಷ್ಟು ಕಾಯುವದು ಎಂದರು. ಮತ್ತೊಬ್ಬರು, ಶಿಷ್ಯೆಯರ ಸಾಲನ್ನು ಬಿಟ್ಟು ಹೊರಗಿನವರನ್ನು ತರಬೇಕೆಂದರು. ಹಾಗೆಯೇ ಆಯಿತು, ಆ ವಾರವೇ ಕಿಮ್ ಕಾಲ್ಡ್‌ವೆಲ್ ಎಂಬವರ ನೇಮಕವಾಯಿತು. ಎಲ್ಲರ ಮಾತಿನಲ್ಲಿಯೂ ಪ್ರೀತಿಯಿತ್ತು, ನಿಜ. ಆದರೆ ಒಂದು ತಾಸಿನ ಚರ್ಚೆಯಲ್ಲಿ ಹುಡುಗಿಯರ ಓದಿನ ಮಾತನ್ನಾಗಲಿ ಅವರ ಮನಸ್ಸಿನ ಮಾತನ್ನಾಗಲಿ ಒಬ್ಬರೂ ಎತ್ತಲಿಲ್ಲ. ಬಟ್ಟಲುಗಳನ್ನು ತೊಳೆಯುತ್ತಿದ್ದ ಹದಿನೈದು ವರುಷದ ಬಾಲೆಯನ್ನು, ನೀನೂ ಆಡುತ್ತೀಯಾ ಎಂದು ನಾನು ಕೇಳಿದೆನು. ಶಾಲೆಯಲ್ಲಿ ಆಡುತ್ತೇನೆ ಎಂದಳು. ಸ್ವಲ್ಪ ತಡೆದು, "ನಮಗೆ ಕಲಿಸುವವರು ಹೆದರಿಕೊಂಡಿದ್ದರೆ ನಮಗೂ ಹೆದರಿಕೆಯಾಗುತ್ತದೆ" ಎಂದಳು. ದೊಡ್ಡವರು ಯಾರೂ ಅದನ್ನು ಕೇಳಿಸಿಕೊಳ್ಳಲಿಲ್ಲ.

ಈಗ ಹಣದ ಬಲವೂ ಸೇರಿದೆ. ಆಟಗಾರರು ತಮ್ಮ ಹೆಸರಿನ ಪ್ರಚಾರಕ್ಕಾಗಿ ಹಣ ಪಡೆಯುವದಕ್ಕೆ 2021ರಲ್ಲಿ ಅಲ್ಲಿ ಅನುಮತಿಯಾಯಿತು. 2025ರಿಂದ ಕಾಲೇಜುಗಳೇ ತಮ್ಮ ಎಲ್ಲ ಆಟಗಾರರಿಗೂ ಸೇರಿ ವರುಷಕ್ಕೆ ಸುಮಾರು 2 ಕೋಟಿ 5 ಲಕ್ಷ ಡಾಲರಿನ ವರೆಗೆ ಕೊಡಬಹುದೆಂದಾಯಿತು. ದುಡಿಯುವ ಹುಡುಗಿಯ ಕೈಗೆ ಹಣ ಬರುವದನ್ನು ನಾನು ಆಕ್ಷೇಪಿಸೆನು. ಆದರೆ ಹಣವನ್ನು ಕೊಟ್ಟ ಅಭಿಮಾನಿಯು ಅಧಿಕಾರವನ್ನೂ ಕೇಳುತ್ತಾನೆ. ಇದು ನಮಗೆ ತಿಳಿಯದ ವಿಷಯವೇ? ನಾನು ಕೆಲಸದಲ್ಲಿದ್ದ ಒಂದು ಶಾಲೆಯಲ್ಲಿ, ಕಟ್ಟಡಕ್ಕೆ ಹಣಕೊಟ್ಟ ಗಣ್ಯರೊಬ್ಬರು ತಮ್ಮ ಮಗಳನ್ನು ತಂಡದ ನಾಯಕಿಯಾಗಿ ಮಾಡಬೇಕೆಂದು ಚೀಟಿ ಕಳುಹಿಸಿದರಂತೆ. ಆಗಿನ ಮುಖ್ಯೋಪಾಧ್ಯಾಯಿನಿಯವರು ಅದನ್ನು ನನಗೆ ತೋರಿಸದೆ ತಮ್ಮ ಮೇಜಿನ ಖಾನೆಯಲ್ಲಿಟ್ಟರು. ಅವರು ನಿವೃತ್ತರಾದ ದಿನ ಖಾನೆಯನ್ನು ಬರಿದುಮಾಡುವಾಗ ಅಂಥ ಒಂಬತ್ತು ಚೀಟಿಗಳು ಹೊರಬಂದವು. ನನ್ನದೆಂದು ನಾನು ತಿಳಿದಿದ್ದ ಸ್ವಾತಂತ್ರ್ಯವು ಅಷ್ಟು ವರುಷವೂ ಅವರ ಕೃಪೆಯಾಗಿತ್ತು. ಮರುವರುಷದಿಂದ ಅಂಥ ಚೀಟಿಗಳು ನೇರವಾಗಿ ನನ್ನ ಕೈಗೇ ಬರತೊಡಗಿದವು.

ಟೆನೆಸ್ಸೀಯ ವೃತ್ತಾಂತದ ಸಾರವೂ ಇದೇ ಎಂದು ನನಗೆ ತೋರುತ್ತದೆ. ಸಮಿಟ್ಟರಿಗಿದ್ದ ಸ್ವಾತಂತ್ರ್ಯವು ಸಮಿಟ್ಟರದಾಗಿತ್ತೇ ಹೊರತು ಆ ಸ್ಥಾನದ್ದಾಗಿರಲಿಲ್ಲ. ಆದದರಿಂದ ಆಕೆ ಎದ್ದುಹೋದಾಗ ಅದೂ ಎದ್ದುಹೋಯಿತು. ಶಿಷ್ಯೆಯರಿಗೆ ಪೀಠವು ದಕ್ಕಿತು, ಅಧಿಕಾರವು ದಕ್ಕಲಿಲ್ಲ. ಮೋಶೆಯು ತನ್ನ ಕಾಲವು ಮುಗಿಯುವ ಮೊದಲೇ ಯೆಹೋಶುವನನ್ನು ಸರ್ವಸಮೂಹದ ಮುಂದೆ ನಿಲ್ಲಿಸಿ, ಅವನ ಮೇಲೆ ಕೈಯಿಟ್ಟು, ತನ್ನ ಗೌರವದಲ್ಲಿ ಪಾಲುಕೊಟ್ಟ ವೃತ್ತಾಂತವನ್ನು ನಾವು ಭಾನುವಾರದ ಶಾಲೆಯಲ್ಲಿ ಕಲಿತಿದ್ದೇವೆ. ಹೆಸರನ್ನು ಸೂಚಿಸಿದರೆ ಸಾಲದು, ಜನರು ಅವನಿಗೂ ವಿಧೇಯರಾಗಬೇಕೆಂದೇ ಅದು ನಡೆಯಿತು. ಒಳ್ಳೆಯ ವಿದ್ಯಾಸಂಸ್ಥೆಯು ಮಾಡಬೇಕಾದದ್ದೂ ಅದನ್ನೇ.

ಹಾಗಾದರೆ ಉಪಾಧ್ಯಾಯಿನಿಯು ಯಾರಿಗೂ ಉತ್ತರ ಕೊಡಬೇಕಾಗಿಲ್ಲವೋ? ಕೊಡಲೇಬೇಕು. ಯಾರು ಆಡಬೇಕು, ಹೇಗೆ ಆಡಬೇಕು ಎಂಬದನ್ನು ಆಕೆಗೆ ಬಿಡಿರಿ. ಹುಡುಗಿಯರು ಪಾಠಕ್ಕೆ ಹೋಗುತ್ತಾರೋ, ಗಾಯಗೊಂಡವಳನ್ನು ಆರೈಕೆಮಾಡುತ್ತಾರೋ, ಬಡವರ ಮಗಳಿಗೂ ಬಯಲಿನಲ್ಲಿ ಸ್ಥಳವುಂಟೋ, ಸೋತವಳು ಅವಮಾನಪಡದೆ ಮನೆಗೆ ಹೋಗುತ್ತಾಳೋ ಎಂಬದನ್ನು ಮಾತ್ರ ಬಿಡದೆ ಕೇಳಿರಿ. ಈ ಲೆಕ್ಕವನ್ನು ಕೇಳುವದಕ್ಕೆ ತಂದೆತಾಯಿಗಳಿಗೆ ಪೂರ್ಣವಾದ ಹಕ್ಕಿದೆ. ಟೆನೆಸ್ಸೀ ತಂಡವು 1982ರಿಂದ 2025ರ ವರೆಗೆ ನಡೆದ ಪ್ರತಿಯೊಂದು ದೇಶೀಯ ಪಂದ್ಯಾವಳಿಯಲ್ಲಿಯೂ ಆಡಿದೆ. ಅದರ ಮುಂದಿನ ಗತಿಯನ್ನು ಕಿರೀಟಗಳ ಲೆಕ್ಕದಿಂದ ಅಳೆಯುವವರು ಅಳೆಯಲಿ. ನಮ್ಮ ಶಾಲೆಯ ತಂಡಕ್ಕೆ ಹೊಸ ಉಪಾಧ್ಯಾಯಿನಿಯು ಬಂದಾಗ ಹಳೆಯ ವಿದ್ಯಾರ್ಥಿನಿಯರಾದ ನಾವು, ನಮ್ಮ ಕಾಲದಲ್ಲಿ ಹೀಗಿರಲಿಲ್ಲ ಎಂಬ ಮಾತನ್ನು ನಾಲಿಗೆಯ ತುದಿಯಲ್ಲಿಯೇ ತಡೆದು, ಆಕೆಗೆ ಧೈರ್ಯದಿಂದ ಕಲಿಸುವ ಅವಕಾಶವನ್ನು ಕೊಡೋಣ. ಆಕೆಯ ಧೈರ್ಯವು ನಮ್ಮ ಹೆಣ್ಣುಮಕ್ಕಳಿಗೆ ದೊರೆಯುವಂತೆ ದೇವರು ಅನುಗ್ರಹಿಸಲಿ.