ದಾಕ್ಷಿಣ್ಯಕ್ಕೆ ಓಡಿದವನು

ಒಂದೂವರೆ ಕಿಲೋಮೀಟರ್ ಈಜಿ, ಮೇಲೆದ್ದು 40 ಕಿಲೋಮೀಟರ್ ಸೈಕಲ್ ತುಳಿದು, ಇಳಿದು 10 ಕಿಲೋಮೀಟರ್ ಓಡಬೇಕು ಅಂತ ಅಮ್ಮನಿಗೆ ವಿವರಿಸಿದೆ. ಅವರೆಕಾಯಿ ಸುಲಿಯುತ್ತಿದ್ದ ಅಮ್ಮ ಕೈ ನಿಲ್ಲಿಸದೆ ಕೇಳಿದಳು.

“ಎಲ್ಲಾ ಒಂದೇ ದಿನವೇನೋ?”

“ಒಂದೇ ದಿನ. ಒಂದಾದ ಮೇಲೆ ಒಂದು.”

“ಯಾರಾದ್ರೂ ಅಟ್ಟಿಸ್ಕೊಂಡು ಬರ್ತಾರಾ?”

ಯಾರೂ ಬರುವುದಿಲ್ಲ, ಅಷ್ಟೇ ಅಲ್ಲ, ಅದಕ್ಕೆ ನಾವೇ ದುಡ್ಡು ಕಟ್ಟಬೇಕು ಅಂದೆ. ಅಮ್ಮ ಒಂದು ಹುಳುಕು ಕಾಳನ್ನು ಬೆಳಕಿಗೆ ಹಿಡಿದು ನೋಡಿ, ತಲೆಯಾಡಿಸಿ ಬಿಸಾಡಿದಳು. ತಲೆಯಾಡಿಸಿದ್ದು ಕಾಳಿಗೋ ನನಗೋ ತಿಳಿಯಲಿಲ್ಲ.

ಅಮ್ಮನ ಪ್ರಶ್ನೆ ನ್ಯಾಯವಾದದ್ದೇ. ಈ ಟ್ರಯಥ್ಲಾನನ್ನು ಹುಟ್ಟುಹಾಕಿದವರನ್ನೂ ಯಾರೂ ಅಟ್ಟಿಸಿಕೊಂಡು ಬಂದಿರಲಿಲ್ಲ. ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ಮಿಷನ್ ಬೇ ಅಂತ ಒಂದು ಕೊಲ್ಲಿ. 1974ರ ಸೆಪ್ಟೆಂಬರ್ 25ರಂದು ಅಲ್ಲಿನ ಓಟದ ಕ್ಲಬ್ಬೊಂದು ಬರೀ ಓಡುವುದರ ಬದಲು ಈಜು, ಸೈಕಲ್ಲು, ಓಟ ಮೂರನ್ನೂ ಬೆರೆಸಿ ಒಂದು ಸ್ಪರ್ಧೆ ಇಟ್ಟಿತು. ಬಂದವರು 46 ಜನ. ಅವರಲ್ಲಿ ನೌಕಾಪಡೆಯ ಅಧಿಕಾರಿ ಜಾನ್ ಕಾಲಿನ್ಸ್ ಮತ್ತು ಅವರ ಹೆಂಡತಿ ಜೂಡಿಯೂ ಇದ್ದರು. ಮುಂದೆ ಈ ದಂಪತಿ ಹವಾಯಿಗೆ ಹೋದರು. ಅಲ್ಲಿ ಈಜುವವನು ಗಟ್ಟಿಯೋ, ಓಡುವವನೋ, ಸೈಕಲ್ ತುಳಿಯುವವನೋ ಅಂತ ವಾದ ಎದ್ದಿತು. ನಮ್ಮ ಕಡೆ ಇಂಥ ವಾದ ಎದ್ದರೆ ಬೈಟು ಕಾಫಿ ತಳ ಕಾಣುವಷ್ಟರಲ್ಲಿ ಮುಗಿಯುತ್ತದೆ, ಬಿಲ್ಲು ಯಾರು ಕೊಡಬೇಕು ಅನ್ನುವುದು ಅದಕ್ಕಿಂತ ದೊಡ್ಡ ವಾದವಾಗುತ್ತದೆ. ಅವರು ಹಾಗೆ ಬಿಡಲಿಲ್ಲ. 3.8 ಕಿಲೋಮೀಟರ್ ಸಮುದ್ರದ ಈಜು, 180 ಕಿಲೋಮೀಟರ್ ಸೈಕಲ್ಲು, ಆಮೇಲೆ ಇಡೀ ಮ್ಯಾರಥಾನ್, ಮೂರನ್ನೂ ಒಂದೇ ಹಗಲಿಗೆ ಪೋಣಿಸಿ ಐರನ್‌ಮ್ಯಾನ್ ಅಂತ ಹೆಸರಿಟ್ಟರು. 1978ರ ಫೆಬ್ರವರಿ 18ರಂದು ಹೊರಟವರು 15 ಜನ, ಮುಟ್ಟಿದವರು 12. ಗೆದ್ದ ಗಾರ್ಡನ್ ಹ್ಯಾಲರ್‌ಗೆ ಹನ್ನೊಂದು ಮುಕ್ಕಾಲು ಗಂಟೆ ಹಿಡಿಯಿತು. ಎರಡನೆಯವನಾದ ಜಾನ್ ಡನ್‌ಬಾರ್ ಕಥೆ ನನಗೆ ಹೆಚ್ಚು ಇಷ್ಟ. ಓಟದ ನಡುವೆ ಅವನ ಕಡೆಯವರ ಹತ್ತಿರ ನೀರು ಮುಗಿದುಹೋಯಿತಂತೆ, ಇದ್ದ ಬಿಯರನ್ನೇ ಕೊಟ್ಟರಂತೆ. ಎರಡನೇ ಸ್ಥಾನ ಬಂದದ್ದೇ ಹೆಚ್ಚು.

ನನ್ನದು ಅಷ್ಟು ದೊಡ್ಡ ಹುಚ್ಚಲ್ಲ. ಮೊದಲು ಹೇಳಿದೆನಲ್ಲ, ಒಂದೂವರೆ, 40, 10. ಇದಕ್ಕೆ ಒಲಿಂಪಿಕ್ ದೂರ ಅನ್ನುತ್ತಾರೆ, 2000ದ ಸಿಡ್ನಿಯಿಂದ ಒಲಿಂಪಿಕ್ಸ್‌ನಲ್ಲಿ ಇರುವುದು ಇದೇ. ಹೋದ ವರ್ಷ ಇದರ ಅರ್ಧದಷ್ಟು ದೂರದ ಒಂದು ಸ್ಪರ್ಧೆ ಮುಗಿಸಿದೆ. ನನ್ನ ಹಿಂದೆ ಆರು ಜನ ಇದ್ದರು. ಅವರಲ್ಲಿ ಇಬ್ಬರಿಗೆ ಪಂಕ್ಚರ್ ಆಗಿತ್ತು ಅನ್ನುವುದನ್ನು ನಾನಾಗಿ ಯಾರಿಗೂ ಹೇಳುವುದಿಲ್ಲ.

ನನಗೀಗ 46. ಮನೆಯಲ್ಲಿ ಅಮ್ಮ, ಹೆಂಡತಿ, ಎಸ್ಸೆಸ್ಸೆಲ್ಸಿ ಮಗಳು, ಐದನೇ ಕ್ಲಾಸಿನ ಮಗ. ಕಚೇರಿಯಲ್ಲಿ ಎಲ್ಲರೂ ಕೇಳುವುದು ಒಂದೇ, ಇಷ್ಟೆಲ್ಲದರ ನಡುವೆ ಮೋಟಿವೇಶನ್ ಎಲ್ಲಿಂದ ತರ್ತೀರಿ ಸಾರ್? ಆ ಪದಕ್ಕೆ ಕನ್ನಡದಲ್ಲಿ ಏನನ್ನಬೇಕು ಅಂತ ನಾನು ಬಹಳ ಯೋಚಿಸಿದ್ದೇನೆ, ಸೈಕಲ್ ಮೇಲೆ ಕೂತವನಿಗೆ ಬೇರೆ ಕೆಲಸವಿರುವುದಿಲ್ಲ. ಪ್ರೇರಣೆ ಅಂದರೆ ವೇದಿಕೆ, ಮೈಕು, ಶಾಲು, ಹಾರ ಕಣ್ಣಿಗೆ ಬರುತ್ತವೆ. ಸ್ಫೂರ್ತಿ ಕವಿಗಳಿಗೆ ಬಿಟ್ಟದ್ದು. ಹುಮ್ಮಸ್ಸಿಗೆ ವಯಸ್ಸು ದಾಟಿತು. ನಮ್ಮ ಕಚೇರಿಯ ಧಾರವಾಡದವರೊಬ್ಬರು ‘ಉಮೇದಿ’ ಅನ್ನುತ್ತಾರೆ, ಇದ್ದುದರಲ್ಲಿ ಅದೇ ಸರಿ. ಆದರೆ ಉಮೇದಿಯದ್ದೊಂದು ದೋಷ. ಅದು ರಾತ್ರಿ ಬರುತ್ತದೆ. ಊಟ ಮುಗಿಸಿ, ಕಾಲು ಚಾಚಿ, ಫೋನು ಹಿಡಿದು ಕೂತಾಗ ಬರುತ್ತದೆ. ಅಮೆರಿಕದ ಕ್ರೈಸ್ತ ಸನ್ಯಾಸಿನಿ ಮಡೋನಾ ಬ್ಯೂಡರ್ 2012ರಲ್ಲಿ, 82ನೇ ವಯಸ್ಸಿನಲ್ಲಿ, ಪೂರ್ತಿ ಐರನ್‌ಮ್ಯಾನ್ ಮುಗಿಸಿದ್ದನ್ನು ನೋಡುತ್ತೇನೆ, ರೋಮಾಂಚನವಾಗುತ್ತದೆ. ಸ್ವಿಟ್ಜರ್ಲೆಂಡಿನ ನಿಕೊಲಾ ಸ್ಪಿರಿಗ್ ಲಂಡನ್ನಿನಲ್ಲಿ ಕೂದಲೆಳೆಯಲ್ಲಿ ಚಿನ್ನ ಗೆದ್ದು, ತಾಯಿಯಾಗಿ, ಮತ್ತೆ 2016ರ ರಿಯೋದಲ್ಲಿ ಬೆಳ್ಳಿ ತಂದದ್ದನ್ನು ನೋಡುತ್ತೇನೆ, ನಾಳೆಯಿಂದ ಬೇರೆಯೇ ಮನುಷ್ಯನಾಗುತ್ತೇನೆ ಅನಿಸುತ್ತದೆ. ರಾತ್ರಿ ಹತ್ತಕ್ಕೆ ಬೇಯಿಸಿಟ್ಟ ಆ ಉಮೇದಿ ಬೆಳಗ್ಗೆ ನಾಲ್ಕೂಮುಕ್ಕಾಲಿಗೆ ಹಳಸಿರುತ್ತದೆ. ಅಲಾರಂ ಹೊಡೆದಾಗ ಸನ್ಯಾಸಿನಿಯೂ ಇಲ್ಲ, ಸ್ವಿಟ್ಜರ್ಲೆಂಡೂ ಇಲ್ಲ, ಇರುವುದು ನಾನು ಮತ್ತು ನನ್ನ ರಗ್ಗು.

ಹಾಗಾದರೆ ನನ್ನನ್ನು ಎಬ್ಬಿಸುವುದು ಏನು? ಹೇಳಿಬಿಡುತ್ತೇನೆ. ದಾಕ್ಷಿಣ್ಯ.

ಈ ದಾಕ್ಷಿಣ್ಯದಿಂದ ನಾನು ಹಾಳಾದದ್ದು ಕಡಿಮೆಯಲ್ಲ. ಬೇಡದ ವಿಮೆ ಪಾಲಿಸಿ ಮೂರು ಇವೆ. ಒಬ್ಬರ ಸಾಲಕ್ಕೆ ಜಾಮೀನು ಹಾಕಿ ಎರಡು ವರ್ಷ ನಿದ್ದೆ ಕಳೆದುಕೊಂಡಿದ್ದೇನೆ. ಬೀಗರ ಮನೆಯಲ್ಲಿ ಬಿಸಿಬೇಳೆಬಾತನ್ನು ನಾಲ್ಕನೇ ಸಲ ಬಡಿಸಿಕೊಂಡಿದ್ದೇನೆ. ದಾಕ್ಷಿಣ್ಯಕ್ಕೆ ಬಸುರಾಗುವ ಗಾದೆ ಹುಟ್ಟಿದ್ದು ನಮ್ಮಂಥವರನ್ನು ನೋಡಿಯೇ ಇರಬೇಕು. ಇಷ್ಟು ನಷ್ಟ ಮಾಡಿದ ಗುಣವನ್ನು ದುಡಿಸಿಕೊಳ್ಳಬಹುದು ಅಂತ ತೋರಿಸಿಕೊಟ್ಟವರು ನಮ್ಮ ಪಕ್ಕದ ಬೀದಿಯ ಮೇಷ್ಟ್ರು.

ಮೇಷ್ಟ್ರು ಹೈಸ್ಕೂಲಿನಲ್ಲಿ ಪಿ.ಟಿ. ಹೇಳಿಕೊಟ್ಟು ರಿಟೈರ್ ಆದವರು, ವಯಸ್ಸು 64. ಅವರಿಗೆ ಈಜು ಬಾರದು, ಓಟವನ್ನು ಮಂಡಿ ಒಪ್ಪದು, ಸೈಕಲ್ ಮಾತ್ರ ಪ್ರಾಣ. ಓಟದ ದಿನ ಅವರು ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ನಡೆಯುತ್ತಾರೆ, ನಾನು ಓಡುತ್ತೇನೆ. ಕುವೆಂಪು ನಡೆದಾಡುತ್ತಿದ್ದ ಏರಿ, ಇಲ್ಲಿ ಓಡುವುದೇ ತಪ್ಪು ಅನ್ನುವುದು ಅವರ ಅಭಿಪ್ರಾಯ. ನಮ್ಮ ಬೀದಿಯ ತುದಿಯ ಹೊಂಗೆಮರದ ಕೆಳಗೆ ಐದು ಗಂಟೆಗೆ ಸೇರುವುದು ಅಂತ ಮಾತು. ಪಿ.ಟಿ. ಮೇಷ್ಟ್ರ ಐದು ಗಂಟೆ ಅಂದರೆ 4.50.

ಒಂದು ಡಿಸೆಂಬರಿನ ದಿನ ನಾನು ಏಳಲಿಲ್ಲ. ಅವರು ಫೋನು ಮಾಡಲಿಲ್ಲ, ಗೇಟು ತಟ್ಟಲಿಲ್ಲ. ಆ ಮಂಜಿನಲ್ಲಿ ಮಫ್ಲರು ಸುತ್ತಿಕೊಂಡು ಅರ್ಧ ಗಂಟೆ ನಿಂತು ವಾಪಸ್ ಹೋದರು ಅಂತ ಹಾಲಿನವನಿಂದ ಗೊತ್ತಾಯಿತು. ಸಂಜೆ ತರಕಾರಿ ಅಂಗಡಿಯಲ್ಲಿ ಎದುರಾದರು. ನಾನು ಬದನೆಕಾಯಿ ಗುಡ್ಡೆಯ ಹಿಂದೆ ಸರಿಯುವಷ್ಟರಲ್ಲಿ ನೋಡಿಯೇಬಿಟ್ಟರು.

“ಹುಷಾರಿದ್ದೀರಾ ತಾನೇ? ಮನೇಲಿ ಎಲ್ಲಾ ಚೆನ್ನಾಗಿದ್ದಾರಾ?”

ಅಷ್ಟೇ. ಬೈದಿದ್ದರೆ ಲೆಕ್ಕ ಚುಕ್ತಾ ಆಗುತ್ತಿತ್ತು. ಬೈಯಲಿಲ್ಲವಲ್ಲ, ಬಡ್ಡಿ ಇನ್ನೂ ಬೆಳೆಯುತ್ತಿದೆ. ಆಮೇಲೆ ಒಂದು ದಿನವೂ ಆ ಮರಕ್ಕೆ ತಪ್ಪಿಸಿಲ್ಲ.

ಈಜಿನ ಕಥೆ ಬೇರೆ. ನಾನು ಈಜು ಕಲಿತದ್ದು ಅಜ್ಜಿಯ ಊರಿನ ತೋಟದ ಬಾವಿಯಲ್ಲಿ. ಸೋದರಮಾವ ಬೆನ್ನಿಗೆ ಸೋರೆಬುರುಡೆ ಕಟ್ಟಿ ಮೇಲಿಂದ ನೂಕಿದ್ದೇ ಕೋಚಿಂಗು. ಬಾವಿಯ ಈಜಿನಲ್ಲಿ ಆಳವಿದೆ, ದೂರವಿಲ್ಲ. ಧುಮುಕುವುದು, ತಳದ ಮಣ್ಣು ತಂದು ತೋರಿಸುವುದು, ನಾಲ್ಕು ಕೈ ಬಡಿದು ಮೆಟ್ಟಿಲು ಹಿಡಿಯುವುದು, ಅಲ್ಲಿಗೆ ವಿದ್ಯೆ ಮುಗಿಯಿತು. 42ನೇ ವಯಸ್ಸಿನಲ್ಲಿ ಈಜುಕೊಳಕ್ಕೆ ಇಳಿದು, ತಲೆ ಎತ್ತಿಕೊಂಡು, ಅಕ್ಕಪಕ್ಕದವರಿಗೆಲ್ಲ ಸ್ನಾನ ಮಾಡಿಸುತ್ತಾ ಹೋದೆ. ಕೋಚ್ ಹುಡುಗ, ನನ್ನ ಮಗಳಿಗಿಂತ ಐದಾರು ವರ್ಷ ದೊಡ್ಡವನು, ದಡದಲ್ಲಿ ಕೂತು ಮೆಲ್ಲಗೆ ಹೇಳಿದ, “ಅಂಕಲ್, ಮುಖ ನೀರೊಳಗಿಡಿ. ನೀರಿಗೇನೂ ಬೇಜಾರಾಗಲ್ಲ.” ತಲೆ ಎತ್ತಿದರೆ ಸೊಂಟ, ಕಾಲು ಕೆಳಗಿಳಿಯುತ್ತವೆ, ಅವನ್ನು ನೀರಿನಲ್ಲಿ ಎಳೆದುಕೊಂಡು ಹೋಗುವುದರಲ್ಲೇ ದಮ್ಮೆಲ್ಲ ಖರ್ಚಾಗುತ್ತದೆ. ಇಷ್ಟು ಸಣ್ಣ ವಿಷಯ ಮೈಗೆ ಹತ್ತಲು ನನಗೆ ಎಂಟು ತಿಂಗಳು ಬೇಕಾಯಿತು.

ಅದು ಹತ್ತಿದ ಮೇಲೆ ಇನ್ನೊಂದು ತಾಪತ್ರಯ. ನಮ್ಮ ಕೊಳ 25 ಮೀಟರ್. ಒಂದೂವರೆ ಕಿಲೋಮೀಟರ್ ಅಂದರೆ ಈ ದಡದಿಂದ ಆ ದಡಕ್ಕೆ 60 ಸಲ. ಎಣಿಕೆ ಹದಿನೇಳಕ್ಕೋ ಹದಿನೆಂಟಕ್ಕೋ ತಪ್ಪುತ್ತದೆ. ಅಂದಿನ ಮೀಟಿಂಗು, ಮಗನ ಫೀಸು, ಗ್ಯಾಸ್ ಬುಕ್ ಮಾಡಿದೆನೋ ಇಲ್ಲವೋ, ಇವೆಲ್ಲ ನೀರಿನೊಳಗೇ ನೆನಪಾಗುವುದು. ಮನೆಯಲ್ಲಿ ಗೊಣಗಿದೆ. ಅಮ್ಮ ಹೂ ಕಟ್ಟುತ್ತಾ ಅಂದಳು, “ಅರವತ್ತು ತಾನೇ? ಸಂವತ್ಸರ ಹೇಳ್ಕೊ.”

ಹೌದಲ್ಲ! ಪ್ರಭವ, ವಿಭವ, ಶುಕ್ಲ ಅಂತ ಚಿಕ್ಕವನಿದ್ದಾಗ ತಾತ ಬಾಯಿಪಾಠ ಮಾಡಿಸಿದ್ದರು. ಜೀವನದಲ್ಲಿ ಅದು ಯಾತಕ್ಕೂ ಉಪಯೋಗಕ್ಕೆ ಬಂದಿರಲಿಲ್ಲ. ಈಗ ಪ್ರತಿ ದಡಕ್ಕೊಂದು ಸಂವತ್ಸರ. ಅದನ್ನು ಜೋಡಿಸಿಟ್ಟವರಿಗೆ ಈಜು ಬರುತ್ತಿತ್ತೋ ಏನೋ ಅಂತ ಗುಮಾನಿ. ಇಪ್ಪತ್ತನೆಯದು ವ್ಯಯ, ಸರಿಯಾಗಿ ಅಲ್ಲಿಗೇ ನನ್ನ ಮೊದಲ ದಮ್ಮು ಖರ್ಚಾಗುತ್ತದೆ. ಮೂವತ್ತೊಂದು, ಮೂವತ್ತೆರಡು ಹೇವಿಳಂಬಿ, ವಿಳಂಬಿ, ಪಕ್ಕದ ಲೇನಿನ ಹುಡುಗರು ದಾಟಿಕೊಂಡು ಹೋಗುವುದು ಆಗಲೇ. ನಲವತ್ತಕ್ಕೆ, ಅಂದರೆ ಸರಿಯಾಗಿ ಒಂದು ಕಿಲೋಮೀಟರಿಗೆ, ಪರಾಭವ. ಅಲ್ಲಿ ಎದ್ದು ಹೋದವನಿಗೆ ಆ ಹೆಸರು ಅಂಟಿಕೊಳ್ಳುತ್ತದಲ್ಲ ಅಂತ ಮುಂದುವರಿಯುತ್ತೇನೆ. ಐವತ್ತೆಂಟು ರಕ್ತಾಕ್ಷಿ. ಕ್ಲೋರಿನ್ ನೀರಿನಲ್ಲಿ ಮುಕ್ಕಾಲು ಗಂಟೆ ಕಳೆದವನ ಕಣ್ಣಿಗೆ ಇದಕ್ಕಿಂತ ಒಳ್ಳೆಯ ಹೆಸರಿಲ್ಲ. ಕೊನೆಯದನ್ನು ಅಮ್ಮ ಅಕ್ಷಯ ಅನ್ನುತ್ತಾಳೆ, ಪಂಚಾಂಗದಲ್ಲಿ ಕ್ಷಯ ಅಂತಲೂ ಇರುತ್ತದೆ. ನನ್ನ ಮೈ ಪಂಚಾಂಗದ ಪಕ್ಷ.

ಹೆಂಡತಿಯ ವಿಷಯಕ್ಕೆ ಬರುತ್ತೇನೆ. ಬಹಳ ಹೊತ್ತಿನಿಂದ ತಪ್ಪಿಸಿಕೊಂಡು ಬಂದೆ. ಅವಳು ಲೆಕ್ಕದ ಟೀಚರ್. ಮೊದಲ ವರ್ಷ ನಾನು ಕೋಚ್ ಬರೆದುಕೊಟ್ಟ ವಾರದ ಪಟ್ಟಿಯನ್ನು ಹೆಮ್ಮೆಯಿಂದ ಫ್ರಿಜ್ಜಿಗೆ ಅಂಟಿಸಿದೆ. ಅವಳು ಕೂಡಿ ನೋಡಿದಳು.

“ಒಂಬತ್ತು ಗಂಟೆ. ಎಲ್ಲಿಂದ ಬಂತು ರೀ ಇದು?”

“ನಿದ್ದೆಯಿಂದ. ಬೇಗ ಏಳ್ತೀನಲ್ಲ.”

“ಕಳೆಯೋ ಲೆಕ್ಕದಲ್ಲಿ ಪಕ್ಕದ ಮನೆಯಿಂದ ಸಾಲ ತರ್ತೀವಲ್ಲ, ಹಾಗೆ ತಂದಿದ್ದೀರಿ. ಮೊದಲು ಹಾಲು ತರೋದು, ನೀರಿನ ಮೋಟರ್ ಹಾಕೋದು, ಮಗನ್ನ ಎಬ್ಬಿಸೋದು ಯಾರು ಮಾಡ್ತಿದ್ರು? ಈಗ ಯಾರು ಮಾಡ್ತಿದ್ದಾರೆ? ಪಕ್ಕದ ಮನೆ ನಾನೇ.”

ಉತ್ತರವಿರಲಿಲ್ಲ. ಉಮೇದಿಯ ವಿಡಿಯೋಗಳಲ್ಲಿ ಈ ಪಕ್ಕದ ಮನೆಯನ್ನು ತೋರಿಸುವುದಿಲ್ಲ. ಗುರಿಗೆರೆಯ ಆಚೆ ಮಗುವನ್ನು ಎತ್ತಿಕೊಂಡು ನಿಂತ ಗಂಡನೋ ಹೆಂಡತಿಯೋ ಮೂರು ಸೆಕೆಂಡು ಕಾಣಿಸಿದರೆ ಹೆಚ್ಚು. ಸ್ಪಿರಿಗ್ ಗಂಡ ರೆಟೊ ಹುಗ್ ಸ್ವತಃ ಒಲಿಂಪಿಕ್ಸ್‌ನಲ್ಲಿ ಟ್ರಯಥ್ಲಾನ್ ಮಾಡಿದವರು. ಇದು ಆಮೇಲೆ ಓದಿ ತಿಳಿದದ್ದು, ತಿಳಿದ ಮೇಲೆ ಎಷ್ಟೋ ಸಂಗತಿ ಅರ್ಥವಾಯಿತು. ಕೊನೆಗೆ ನಮ್ಮಲ್ಲೊಂದು ಒಪ್ಪಂದವಾಯಿತು. ಮೂರು ಟಿಫನ್ ಬಾಕ್ಸಿನ ತರಕಾರಿ ಹಿಂದಿನ ರಾತ್ರಿಯೇ ನಾನು ಹೆಚ್ಚಿಡಬೇಕು. ಗುರುವಾರ ಟ್ರೈನಿಂಗಿಗೆ ರಜೆ, ಅಡುಗೆಮನೆ ನನ್ನದು. ಶನಿವಾರ ಸಂಜೆ ಅವಳು ವೀಣೆ ಪಾಠಕ್ಕೆ ಹೋಗುತ್ತಾಳೆ, ಆಗ ಮನೆಯಲ್ಲಿ ಯಾರಿಗೆ ಏನು ಬೇಕಾದರೂ ಅವಳಿಗೆ ಫೋನು ಮಾಡುವಂತಿಲ್ಲ. ರಾತ್ರಿ ಉಮೇದಿಯ ವಿಡಿಯೋ ನೋಡುತ್ತಿದ್ದ ಹೊತ್ತಿಗೆ ಈಗ ಬೀನ್ಸ್ ಹೆಚ್ಚುತ್ತೇನೆ. ಅದರಿಂದ ಟೈಮಿಂಗ್ ಏನೂ ಕೆಟ್ಟಿಲ್ಲ.

ಆದರೂ ಭಾನುವಾರಗಳ ಮೇಲೆ ನೆಂಟರ ಕಣ್ಣು ತಪ್ಪಿದ್ದಲ್ಲ. ದೂರದ ಸೈಕಲ್ ಸವಾರಿ ಇಟ್ಟುಕೊಂಡ ದಿನವೇ ನಾಮಕರಣ, ನಿಶ್ಚಿತಾರ್ಥ. ಒಂದು ಸಲ ನಂಜನಗೂಡಿನಲ್ಲಿ ಗೃಹಪ್ರವೇಶ. ಮನೆಯವರೆಲ್ಲ ಕಾರಿನಲ್ಲಿ, ನಾನು ಪಂಚೆಯನ್ನು ಬ್ಯಾಗಿಗೆ ಹಾಕಿಕೊಂಡು ಸೈಕಲ್‌ನಲ್ಲಿ. ಹೋಗಿ ಬಂದರೆ ಹತ್ತಿರ ಹತ್ತಿರ 50 ಕಿಲೋಮೀಟರ್, ಒಂದೇ ಏಟಿಗೆ ನೆಂಟಸ್ತಿಕೆಯೂ ಟ್ರೈನಿಂಗೂ. ಹಿಂಭಾಗಕ್ಕೆ ಸ್ಪಂಜು ಹೊಲಿದ ಬಿಗಿ ಚಡ್ಡಿಯಲ್ಲಿ ಚಪ್ಪರದ ಮುಂದೆ ಇಳಿದೆ. ದೊಡ್ಡತ್ತೆಯೊಬ್ಬರು ಮೇಲಿಂದ ಕೆಳಗೆ ನೋಡಿ, ನನ್ನ ಹೆಂಡತಿಯನ್ನು ಪಕ್ಕಕ್ಕೆ ಕರೆದು ಕೇಳಿದರಂತೆ, “ಪಾಪ, ಕೈ ಏನಾದ್ರೂ ಬಿಗಿಯಾಗಿದೆಯೇನಮ್ಮ?” ಎರಡು ಹೋಳಿಗೆ, ಒಂದು ಸೌಟು ತುಪ್ಪದ ಮೇಲೆ ಮಧ್ಯಾಹ್ನದ ಬಿಸಿಲಿನಲ್ಲಿ ವಾಪಸು ತುಳಿದದ್ದನ್ನು ವಿವರಿಸುವುದಿಲ್ಲ.

ಸೈಕಲ್ ಇಳಿದ ಕೂಡಲೇ ಓಡುವ ಅಭ್ಯಾಸಕ್ಕೆ ಈ ಆಟದಲ್ಲಿ ‘ಬ್ರಿಕ್’ ಅನ್ನುತ್ತಾರೆ, ಅಂದರೆ ಇಟ್ಟಿಗೆ. ಅಷ್ಟು ಹೊತ್ತು ಗಿರಗಿರನೆ ತಿರುಗುವುದಕ್ಕೆ ಒಗ್ಗಿದ ಕಾಲಿಗೆ ನೆಲ ಸಿಕ್ಕಿದರೆ ಏನು ಮಾಡಬೇಕೋ ಗೊತ್ತಾಗುವುದಿಲ್ಲ, ತೊಡೆ ನಮ್ಮದಲ್ಲ, ಮೀನಖಂಡ ನಮ್ಮದಲ್ಲ. ಮೊದಲ ಸಲ ಮಾಡಿದ ದಿನ ಗೇಟಿನಲ್ಲಿ ನಿಂತು ನೋಡುತ್ತಿದ್ದ ಮಗ, “ಅಪ್ಪಾ, ನೀನು ಕುದುರೆಯಿಂದ ಇಳಿದವನ ಥರ ಓಡ್ತೀಯ” ಅಂದ. ಈಗ ಪ್ರತಿ ಬುಧವಾರ ಅವನು ಅದನ್ನು ನೋಡಲೆಂದೇ ಯಾರೂ ಎಬ್ಬಿಸದೆ ಏಳುತ್ತಾನೆ. ಹೆಂಡತಿಯ ಲೆಕ್ಕದಲ್ಲಿ ಇದು ನನ್ನ ಕಡೆಯಿಂದ ಮರಳಿ ಬಂದ ಮೊದಲ ಕಂತು.

ಇಷ್ಟೆಲ್ಲ ಒಂದು ಹದಕ್ಕೆ ಬಂತು ಅನ್ನುವಾಗ ಮೇಷ್ಟ್ರು ಊರು ಬಿಟ್ಟರು. ನ್ಯೂಜೆರ್ಸಿಯಲ್ಲಿರುವ ಮಗಳ ಬಾಣಂತನಕ್ಕೆ ಗಂಡಹೆಂಡತಿ ಇಬ್ಬರೂ ಆರು ತಿಂಗಳು ಹೊರಟರು. ಹೋಗುವ ಹಿಂದಿನ ದಿನ ಮರದ ಕೆಳಗೆ ನಿಂತು, “ನೀವು ತಪ್ಪಿಸಬೇಡಿ” ಅಂತಾರೇನೋ ಅಂದುಕೊಂಡೆ. “ನನ್ನ ಸೈಕಲ್ ಟೈರಿಗೆ ಹದಿನೈದು ದಿನಕ್ಕೊಂದ್ಸಲ ಗಾಳಿ ಹೊಡೀರಿ” ಅಂದರು.

ಸತ್ಯ ಹೇಳುತ್ತೇನೆ, ಮೊದಲ ಸೋಮವಾರ ನನಗೆ ಖುಷಿಯೇ ಆಯಿತು. ಮರದ ಕೆಳಗೆ ಯಾರೂ ಇಲ್ಲ. ಮಫ್ಲರಿಲ್ಲ, ಬಡ್ಡಿಯಿಲ್ಲ. ಅಲಾರಂ ಆರಿಸಿ ರಗ್ಗನ್ನು ತಲೆಯ ಮೇಲೆ ಎಳೆದುಕೊಂಡೆ. ಐದು ನಿಮಿಷವಾಗಿರಬೇಕು, ದಿಂಬಿನ ಪಕ್ಕ ಫೋನು ಗುರ್ರ್ ಅಂದಿತು. ವಾಟ್ಸಾಪು. ಅರೆಗಣ್ಣಿನಲ್ಲಿ ತೆರೆದೆ. ಗಂಟೆ 4.50, ನ್ಯೂಜೆರ್ಸಿಯಲ್ಲಿ ಹಿಂದಿನ ದಿನದ ಸಂಜೆ 7.20. ಮೇಷ್ಟ್ರು ಒಂದು ಫೋಟೋ ಕಳಿಸಿದ್ದರು, ಯಾವುದೋ ಗುರುತಿಲ್ಲದ ಮರ, ಅದರ ಕೆಳಗೆ ಅವರ ಬಿಳಿ ಕ್ಯಾನ್ವಾಸ್ ಶೂ. ಕೆಳಗೆ ಒಂದೇ ಮಾತು, “ಬಂದೆ.”

ನಾನು ಓದಿದ್ದೇನೆ ಅಂತ ಎರಡು ನೀಲಿ ಗೀಟು ಅವರಿಗಾಗಲೇ ಕಂಡಿತ್ತು. ರಗ್ಗು ಸರಿಸಿ ಶೂ ಹುಡುಕಿದೆ.