ನಾಲತವಾಡದ ಎರೆಯಲ್ಲಿ ಒಂದು ಹಳೆಯ ಗಾಡಿ

ಕೃಷ್ಣೆಯ ಎಡದಂಡೆಯ ಊರುಗಳಲ್ಲಿ ಭಾದ್ರಪದ ಕಳೆದು ಆಶ್ವೀಜ ಬರುವ ಹೊತ್ತಿಗೆ ಜನರು ಆಕಾಶವನ್ನೂ ನೆಲವನ್ನೂ ಒಂದೇ ಬಗೆಯ ಕಾತರದಿಂದ ನೋಡುವರು. ಮಳೆ ಬಾರದಿದ್ದರೆ ಹಿಂಗಾರಿ ಬಿತ್ತಿಗೆಯಿಲ್ಲ. ಬಂದರೆ ಹೊಲಕ್ಕೆ ಹೋಗಲು ಹಾದಿಯಿಲ್ಲ. ಈ ಎರಡು ಇಕ್ಕಟ್ಟುಗಳ ನಡುವೆ ಸಿಕ್ಕಿದ ಒಂದು ಹಳೆಯ ಪಿಕಪ್ ಗಾಡಿಯ ಸಂಗತಿಯನ್ನು ವಾಚಕರ ಮುಂದೆ ಇಡುವದಕ್ಕಾಗಿ ಈ ಲೇಖನ.

ಕಳೆದ ಚೈತ್ರಮಾಸದಲ್ಲಿ ನಾನು ಗದಗದಿಂದ ರೈಲು ಹಿಡಿದು, ಕೃಷ್ಣೆಯನ್ನು ದಾಟಿ ಆಲಮಟ್ಟಿಯಲ್ಲಿ ಇಳಿದು, ಅಲ್ಲಿಂದ ಮುದ್ದೇಬಿಹಾಳಕ್ಕೆ ಬಂದೆನು. ಮುದ್ದೇಬಿಹಾಳದಿಂದ ಪೂರ್ವಕ್ಕೆ ನಾರಾಯಣಪುರದ ಹಾದಿ ಹಿಡಿದರೆ ನಾಲತವಾಡ ಸಿಗುವದು. ವೀರೇಶ್ವರ ಶರಣರಿಂದ ಹೆಸರಾದ ಊರಿದು. 1982ರಲ್ಲಿ ಮುಗಿದ ನಾರಾಯಣಪುರದ ಬಸವಸಾಗರ ಇಲ್ಲಿಗೆ ದೂರವಲ್ಲ. ಬಸ್ಸಿನ ಕಿಟಕಿಯಿಂದ ಹೊರಗೆ ನೋಡಿದರೆ ಎರೆಯೇ ಎರೆ. ನಡುನಡುವೆ ಕೆಂಪು ಮಸಾರಿಯ ತುಂಡುಗಳು. ಬಿಸಿಲಿಗೆ ಎರೆಹೊಲವೆಲ್ಲ ಬಿರಿದು, ಒಂದೊಂದು ಬಿರುಕಿನಲ್ಲಿ ಕೈ ಮೊಣಕೈವರೆಗೆ ಇಳಿಯುವಂತೆ ಇದ್ದಿತು.

ನಾಲತವಾಡದಲ್ಲಿ ನನ್ನ ಅಕ್ಕನ ಮನೆ. ಊರ ಮನೆಯನ್ನು ಹಿರಿಯರಿಗೆ ಬಿಟ್ಟು, ಅಕ್ಕನ ಮಗನು ಹೆಂಡತಿಯೊಡನೆ ಹೊಲದ ಮನೆಯಲ್ಲಿ ಇರುವನು. ಡಾಂಬರು ರಸ್ತೆಯಿಂದ ಆ ಮನೆಗೆ ನಾಲ್ಕು ಫರ್ಲಾಂಗು ಬಂಡಿಯ ಹಾದಿ. ತೊಗರಿ, ಕಡಲೆ, ಬಿಳಿಜೋಳಗಳನ್ನು ಪೇಟೆಗೆ ಸಾಗಿಸಲೆಂದು ಅವನು ಹಳೆಯ ಮಹೀಂದ್ರಾ ಪಿಕಪ್ ಒಂದನ್ನು ಕೊಂಡಿದ್ದನು. ಅದು ಹಿಂದಿನ ಎರಡು ಗಾಲಿಗಳಿಗೆ ಮಾತ್ರ ಎಂಜಿನಿನ ಬಲ ಬರುವ ಗಾಡಿ. ಅದರ ಹಿಂದಿನ ವರ್ಷದ ಹಸ್ತ ಮಳೆಯಲ್ಲಿ, ನಟ್ಟಿರುಳಿನಲ್ಲಿ, ಅವನ ಹೆಂಡತಿಗೆ ಹೆರಿಗೆನೋವು ಬಂದಿತು. ಹಾದಿಯ ನಡುವೆ ತಗ್ಗೊಂದರಲ್ಲಿ ಗಾಡಿ ಹುಗಿದು ನಿಂತಿತು. ಗಾಲಿ ತಿರುಗಿದಂತೆಲ್ಲ ಇನ್ನಷ್ಟು ಇಳಿಯಿತು. ನೆರೆಹೊಲದವರು ಟ್ರ್ಯಾಕ್ಟರು ತಂದು ಎಳೆಯುವವರೆಗೆ ಒಂದು ಗಂಟೆಗೂ ಮಿಕ್ಕಿ ಹೊತ್ತು ಕಳೆಯಿತು. ದೈವ ದೊಡ್ಡದು, ತಾಯಿ ಮಗು ಇಬ್ಬರೂ ಉಳಿದರು. ಆದರೆ ಆ ಒಂದು ಗಂಟೆ ನನ್ನ ಅಳಿಯನ ಎದೆಯಿಂದ ಹೋಗಲಿಲ್ಲ.

ನಾನು ಹೋದ ದಿನ ಅವನು ಒಂದು ಕಾಗದವನ್ನು ನನ್ನ ಮುಂದೆ ಹಿಡಿದನು. ದೊಡ್ಡ ಊರಿನ ಗ್ಯಾರೇಜಿನವರು ಬರೆದುಕೊಟ್ಟ ಪಟ್ಟಿ ಅದು. ಗಾಡಿಯ ಮೈಯನ್ನು ಮೂರು ಇಂಚು ಎತ್ತರಿಸುವದು. 31 ಇಂಚು ಎತ್ತರದ ಅಗಲ ಟೈರು ಹಾಕುವದು. ಅದಕ್ಕೆ ತಕ್ಕಂತೆ ಹಿಂದಿನ ಅಚ್ಚಿನ ಹಲ್ಲುಗಾಲಿಗಳನ್ನು ಬದಲಿಸುವದು. ಒಟ್ಟು ಖರ್ಚನ್ನು ನೋಡಿದರೆ ಒಂದು ವರ್ಷದ ತೊಗರಿಯೇ ಅದಕ್ಕೆ ಸಾಲದು.

“ನೋಡ್ರಿ ಮಾಮಾ, ಬಂಡಿ ಗಾಲಿ ಎಷ್ಟು ದೊಡ್ಡದು ಇರತಾವ! ಅದಕ್ಕ ಅದು ಹುಗಿಯೂದಿಲ್ಲ. ನಮ್ಮ ಗಾಡೀನೂ ಹಂಗ ಎತ್ತರ ಮಾಡೂದ ಛಲೋ,” ಎಂದನು.

ನಾನು ಕೂಡಲೆ ಬೇಡವೆನ್ನಲಿಲ್ಲ. ಹುಗಿದ ಗಾಡಿಯಲ್ಲಿ ನರಳುವ ಹೆಂಡತಿಯೊಡನೆ ಕುಳಿತವನಿಗೆ ಖರ್ಚಿನ ಮಾತು ಹೇಳುವದು ಸುಲಭವಲ್ಲ. “ಮೊದಲು ಆ ತಗ್ಗು ತೋರಿಸು,” ಎಂದು ಅವನೊಡನೆ ಹೊರಟೆನು. ಹಾದಿಯಲ್ಲಿ ಒಬ್ಬ ವೃದ್ಧ ಬಡಿಗನು ಜೊತೆಯಾದನು. ಹರೆಯದಲ್ಲಿ ನೂರಾರು ಬಂಡಿಗಳ ಗಾಲಿಗೆ ಗುಂಬ, ಆರೆ ಕೂಡಿಸಿದ ಕೈ ಅವನದು.

ಎರೆಯ ಸ್ವಭಾವವನ್ನು ಇಲ್ಲಿ ಸ್ವಲ್ಪ ಹೇಳಬೇಕು. ದಖ್ಖಣದ ಕರಿಗಲ್ಲು ಯುಗಯುಗಗಳಿಂದ ಸವೆದು ಆದ ಈ ಮಣ್ಣಿನಲ್ಲಿ ಜೇಡಿಯ ಅಂಶ ಹೆಚ್ಚು. ಆ ಜೇಡಿಯ ಕಣಗಳು ತೆಳುವಾದ ಹಾಳೆಗಳನ್ನು ಒಟ್ಟಿದಂತೆ ಇರುವವು. ಹಾಳೆಗಳ ನಡುವೆ ನೀರು ಸೇರಿದರೆ ಉಬ್ಬುವವು. ಒಣಗಿದರೆ ಕುಗ್ಗಿ ಬಿರಿಯುವವು. ಹೀಗೆ ನೀರನ್ನು ಹಿಡಿದುಕೊಳ್ಳುವ ಗುಣದಿಂದಲೇ, ಮಳೆ ನಿಂತಮೇಲೂ ಬಿಳಿಜೋಳ ಬರಿಯ ಹಸಿಯ ಮೇಲೆ ಬೆಳೆದು ತೆನೆಗಟ್ಟುವದು. ನಮಗೆ ರೊಟ್ಟಿ ಕೊಡುವ ಗುಣವೂ ಗಾಡಿಯನ್ನು ಹುಗಿಯುವ ಗುಣವೂ ಒಂದೇ ಎಂಬುದನ್ನು ಮರೆಯಬಾರದು. ಹಸಿಯ ಎರೆ ಟೈರಿನ ಗೆರೆಗಳನ್ನು ತುಂಬಿಬಿಟ್ಟರೆ ಟೈರು ನುಣ್ಣನೆಯ ಉಂಡೆಯಾಗುವದು. ಆಮೇಲೆ ಅದು ಎಷ್ಟು ತಿರುಗಿದರೂ ಹಿಡಿತವಿಲ್ಲ.

ತಗ್ಗಿನ ಬಳಿಯಲ್ಲಿ ಹಿಂದಿನ ಮಳೆಗಾಲದ ಗುರುತು ಕಲ್ಲಿನಂತೆ ಒಣಗಿ ನಿಂತಿತ್ತು. ಎರಡು ಗಾಲಿಗಳ ಜಾಡು ಆಳವಾಗಿ ಇಳಿದಿದ್ದು, ನಡುವಿನ ದಿನ್ನೆಯ ಮೇಲೆ ಯಾವುದೋ ಗುಂಡನೆಯ ವಸ್ತು ಉತ್ತುಹೋದ ಗೀರು ಇತ್ತು. ಗಾಡಿಯ ಕೆಳಗೆ ಬಗ್ಗಿ ನೋಡಿದೆವು. ಹಿಂದಿನ ಅಚ್ಚಿನ ನಡುವೆ ಇರುವ ಡಿಫರೆನ್ಷಿಯಲಿನ ಗುಂಡು ಗಾಡಿಯಲ್ಲಿ ಎಲ್ಲಕ್ಕಿಂತ ಕೆಳಗಿನ ಭಾಗ; ನೆಲದಿಂದ ಒಂದು ಗೇಣಿಗಿಂತ ಕಡಮೆ. ದಿನ್ನೆಗೆ ತಗಲಿದ್ದು ಅದೇ. ಗಾಡಿಯ ಹೊಟ್ಟೆಯಾಗಲಿ ಮೈಯಾಗಲಿ ಎಲ್ಲಿಯೂ ತಗಲಿರಲಿಲ್ಲ.

ಇಲ್ಲಿ ಮೊದಲನೆಯ ಪಾಠ ಸಿಕ್ಕಿತು. ಗಾಡಿಯ ಮೈ ಕಮಾನುಪಟ್ಟಿಗಳ ಮೇಲೆ, ಅಂದರೆ ಗ್ಯಾರೇಜಿನವರು ಪಾಟಾ ಎನ್ನುವ ಉಕ್ಕಿನ ಪಟ್ಟಿಗಳ ಮೇಲೆ, ಕುಳಿತಿರುವದು. ಆ ಪಾಟಾಗಳನ್ನು ಎತ್ತರಿಸಿದರೆ ಮೈ ಮೇಲೆ ಹೋಗುವದು. ಅಚ್ಚು ಇದ್ದಲ್ಲಿಯೇ ಇರುವದು. ಅಚ್ಚು ಏರಬೇಕಾದರೆ ದೊಡ್ಡ ಟೈರು ಬೇಕು. ಅದೂ ಟೈರಿನ ಎತ್ತರ ಎಷ್ಟು ಹೆಚ್ಚಿತೋ ಅದರ ಅರ್ಧದಷ್ಟು ಮಾತ್ರ. ಈ ಗಾಡಿಯ ಟೈರಿನ ಮೇಲೆ 215/75 ಆರ್ 15 ಎಂದು ಬರೆದಿತ್ತು. 215 ಎಂಬುದು ಅಗಲ, ಮಿಲಿಮೀಟರಿನಲ್ಲಿ. 75 ಎಂದರೆ ಟೈರಿನ ಪಕ್ಕದ ಎತ್ತರ ಅಗಲದ ನೂರಕ್ಕೆ 75. 15 ಎಂಬುದು ಉಕ್ಕಿನ ಚಕ್ರದ ಅಡ್ಡಳತೆ, ಇಂಚಿನಲ್ಲಿ. ಕೂಡಿಸಿ ನೋಡಿದರೆ ಟೈರಿನ ಒಟ್ಟು ಎತ್ತರ ಸುಮಾರು 703 ಮಿಲಿಮೀಟರು. ಪಟ್ಟಿಯಲ್ಲಿದ್ದ 31 ಇಂಚಿನ ಟೈರು 787 ಮಿಲಿಮೀಟರು. ವ್ಯತ್ಯಾಸ 84, ಅಚ್ಚು ಏರುವದು 42 ಮಿಲಿಮೀಟರು, ಅಂದರೆ ಹೆಚ್ಚುಕಡಮೆ ಎರಡು ಬೆರಳಗಲ.

“ಆ ಎರಡು ಬೆರಳೂ ಬರಲಿ ಬಿಡ್ರಿ,” ಎಂದನು ಅಳಿಯ.

ಅಲ್ಲಿಯವರೆಗೆ ಸುಮ್ಮನಿದ್ದ ಬಡಿಗನು ಬಾಯಿ ಬಿಟ್ಟನು. “ತಮ್ಮಾ, ಬಂಡಿಗೆ ಎತ್ತು ಮುಂದ ನಿಂತು ಜಗ್ಗತಾವ. ಅದಕ್ಕ ಗಾಲಿ ದೊಡ್ಡದಾದಷ್ಟು ಅವಕ್ಕ ಹಗುರ. ನಿನ್ನ ಗಾಡಿ ಹಂಗಲ್ಲ. ಅದು ಅಚ್ಚು ಹಿಡದು ತಿರುವತೈತಿ. ಗಾಲಿ ದೊಡ್ಡದು ಮಾಡಿದ್ರ ತಿರುವಾವಗ ಭಾರ ಆಗೂದಿಲ್ಲೇನು?”

ಯಂತ್ರಶಾಸ್ತ್ರದ ಪುಸ್ತಕದಲ್ಲಿ ಒಂದು ಅಧ್ಯಾಯ ಹಿಡಿಯುವ ಸಂಗತಿಯನ್ನು ಆ ವೃದ್ಧನು ಮೂರು ಮಾತಿನಲ್ಲಿ ಹೇಳಿದನು. ಎಳೆಯಿಸಿಕೊಳ್ಳುವ ಗಾಲಿಗೆ ದೊಡ್ಡತನ ಅನುಕೂಲ; ತಾನೇ ತಿರುಗಿ ಗಾಡಿಯನ್ನು ದೂಡಬೇಕಾದ ಗಾಲಿಗೆ ಅದು ಹೊರೆ. 703ರ ಟೈರು ತೆಗೆದು 787ರದನ್ನು ಹಾಕಿದರೆ ನೆಲವನ್ನು ದೂಡುವ ಬಲದಲ್ಲಿ ನೂರಕ್ಕೆ ಹತ್ತಕ್ಕೂ ಸ್ವಲ್ಪ ಹೆಚ್ಚು ನಷ್ಟ. ಏರಿನಲ್ಲಿ ಒಂದು ಟನ್ನು ಜೋಳ ಹೇರಿದ ಹಳೆಯ ಎಂಜಿನಿಗೆ ಇದು ಅಲ್ಪವಲ್ಲ. ಕ್ಲಚ್ಚು ಬೇಗ ಸವೆಯುವದು. ಸ್ಪೀಡೋಮೀಟರು 60 ತೋರಿಸುವಾಗ ಗಾಡಿ 67ರ ವೇಗದಲ್ಲಿ ಓಡುತ್ತಿರುವದು. ಬ್ರೇಕಿಗೂ ಅಷ್ಟೇ ಹೆಚ್ಚಿನ ಕೆಲಸ.

ಆ ನಷ್ಟವನ್ನು ತುಂಬುವದಕ್ಕಾಗಿಯೇ ಪಟ್ಟಿಯ ಮೂರನೆಯ ಬಾಬು, ಹಲ್ಲುಗಾಲಿಗಳ ಬದಲಾವಣೆ. ಡಿಫರೆನ್ಷಿಯಲಿನೊಳಗೆ ಪಿನಿಯನ್ ಎಂಬ ಸಣ್ಣ ಹಲ್ಲುಗಾಲಿಯು ಕ್ರೌನ್ ಎಂಬ ದೊಡ್ಡದನ್ನು ತಿರುವುವದು. ಸಣ್ಣದರಲ್ಲಿ 10, ದೊಡ್ಡದರಲ್ಲಿ 41 ಹಲ್ಲುಗಳಿದ್ದರೆ, ಗಾಲಿಯ ಒಂದು ಸುತ್ತಿಗೆ ಎಂಜಿನಿನಿಂದ ಬಂದ ದಂಡವು 4.1 ಸುತ್ತು ತಿರುಗಬೇಕು. ಅದರ ಬದಲು 9ಕ್ಕೆ 41ರ ಜೋಡಿ ಹಾಕಿದರೆ 4.56 ಸುತ್ತು, ಕಳೆದ ಬಲ ಬಹುಮಟ್ಟಿಗೆ ಮರಳಿ ಬರುವದು. ಹಿಂದಿನ ಕಾಲದ ಸಿಜೆ 3ಬಿ ಜೀಪಿನಲ್ಲಿ ಈ ಸಂಖ್ಯೆ 5.38ರಷ್ಟಿತ್ತು, ಅದರ ಟೈರು ಅಗಲವಾಗಿರದೆ ಕಿರಿದಾಗಿತ್ತು. ವೇಗಕ್ಕಲ್ಲ, ಎಳೆತಕ್ಕಾಗಿ ಹುಟ್ಟಿದ ಗಾಡಿ ಅದು. ಆದರೆ ಈ ಜೋಡಿಯನ್ನು ಕೂಡಿಸುವದು ಸೂಕ್ಷ್ಮದ ಕೆಲಸ. ಹಲ್ಲಿಗೆ ಹಲ್ಲು ಕೂಡುವ ಸಂದು ಕೂದಲೆಳೆಯಷ್ಟು ತಪ್ಪಿದರೂ ಊಳಿಟ್ಟು, ಕೆಲವು ತಿಂಗಳಲ್ಲಿ ಸವೆದುಹೋಗುವದು.

ಹೀಗೆ ಒಂದು ಬದಲಾವಣೆ ಇನ್ನೊಂದನ್ನು ಕರೆಯುವದು. ದೊಡ್ಡ ಟೈರು ಮೈಗೆ ತಗಲದಿರಲೆಂದು ಮೈ ಎತ್ತರಿಸಬೇಕು. ಮೈ ಎತ್ತರಿಸಿದರೆ ಎಂಜಿನಿನಿಂದ ಹಿಂದಕ್ಕೆ ಹೋಗುವ ದಂಡದ ಓರೆ ಹೆಚ್ಚಿ, ಅದರ ಕೀಲುಗಳಾದ ಕ್ರಾಸುಗಳು ಬೇಗ ಹೋಗುವವು. ಬ್ರೇಕಿನ ಕೊಳವೆ ಮೋಟಾಗುವದು. ಎಲ್ಲಕ್ಕಿಂತ ಮಿಗಿಲಾಗಿ ಗಾಡಿಯ ಭಾರದ ನಡುಬಿಂದು ಏರುವದು. ಉದಾಹರಣೆಗೆ, ಗಾಲಿಗಳ ನಡುವೆ 140 ಸೆಂಟಿಮೀಟರು ಅಂತರವಿದ್ದು, ಭಾರದ ನಡುಬಿಂದು 70 ಸೆಂಟಿಮೀಟರು ಎತ್ತರದಲ್ಲಿದ್ದರೆ, ಲೆಕ್ಕಕ್ಕೆ 45 ಅಂಶದ ಓರೆಯವರೆಗೆ ಗಾಡಿ ಉರುಳದು. ಅದೇ ಬಿಂದು 78ಕ್ಕೆ ಏರಿದರೆ 42 ಅಂಶಕ್ಕೇ ಉರುಳುವದು. ಮೇಲೆ ಚೀಲಗಳನ್ನೂ ಅವುಗಳ ಮೇಲೆ ಆಳುಗಳನ್ನೂ ಹೇರಿದಾಗ ನಿಜವಾದ ಓರೆ ಇದಕ್ಕಿಂತ ಬಹಳ ಕಡಮೆ.

ಕಾಯಿದೆಯ ಮಾತೂ ಉಂಟು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನಂತೆ, ತಯಾರಕರು ಮೊದಲು ನಿಗದಿಪಡಿಸಿದ ವಿವರಗಳಿಗೂ ನೋಂದಣಿಪತ್ರದ ವಿವರಗಳಿಗೂ ವ್ಯತ್ಯಾಸ ಬರುವ ಹಾಗೆ ಗಾಡಿಯನ್ನು ಬದಲಿಸಬಾರದು. ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿದಿದೆ. ಮಾಡಿಕೊಟ್ಟ ಗ್ಯಾರೇಜಿನವರು ದುಡ್ಡು ಎಣಿಸಿಕೊಂಡು ಸುಮ್ಮನಾಗುವರು. ಅಪಘಾತವಾದ ದಿನ ವಿಮೆಯವರ ಮುಂದೆಯೂ ನ್ಯಾಯಾಧೀಶರ ಮುಂದೆಯೂ ನಿಲ್ಲತಕ್ಕವನು ಗಾಡಿಯ ಒಡೆಯನೇ.

ಅಳಿಯನು ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ, “ಹಂಗಾದ್ರ ಆ ರಾತ್ರಿ ಮತ್ತ ಬಂದ್ರ ಏನ ಮಾಡ್ಲಿ ಮಾಮಾ?” ಎಂದನು. ಅವನ ಪ್ರಶ್ನೆ ಗಾಡಿಯದಾಗಿರಲಿಲ್ಲ.

ಮರುದಿನ ಮೂವರೂ ಕೂಡಿ ಗಾಡಿಯನ್ನು ಮತ್ತೆ ನೋಡಿದೆವು. ಹಿಂದಿನ ಎಡಗಡೆಯ ಪಾಟಾದಲ್ಲಿ ಒಂದು ಪಟ್ಟಿ ಮುರಿದಿದ್ದಿತು. ಉಳಿದವು ವರ್ಷಗಟ್ಟಲೆ ಭಾರ ಹೊತ್ತು ಕಮಾನು ಕಳೆದುಕೊಂಡು ಚಪ್ಪಟೆಯಾಗಿದ್ದವು. ಶಾಕ್ ಅಬ್ಸಾರ್ಬರುಗಳಿಂದ ಎಣ್ಣೆ ಸೋರುತ್ತಿತ್ತು. ಹಿಂದಿನ ಟೈರುಗಳು ನುಣುಪಾಗಿದ್ದವು. ಅಂದಿನ ರಾತ್ರಿ ಗಾಡಿಯ ಹಿಂಬದಿ ಬರಿದಾಗಿದ್ದಿತು. ಬರಿಯ ಪಿಕಪ್ಪಿನ ಹಿಂಗಾಲಿಗಳ ಮೇಲೆ ಭಾರವೇ ಇರದೆ, ಜಾರುವ ನೆಲದಲ್ಲಿ ಅವು ಸುಮ್ಮನೆ ತಿರುಗುವವು. ಗಾಡಿಗೆ ಹೊಸ ಎತ್ತರ ಬೇಕಾಗಿರಲಿಲ್ಲ. ಅದು ಕಳೆದುಕೊಂಡ ತನ್ನದೇ ಎತ್ತರವೂ ಹಿಡಿತವೂ ಮರಳಬೇಕಾಗಿದ್ದವು.

ಆಗ ನಿಶ್ಚಯವಾದದ್ದು ಇಷ್ಟು. ಪಾಟಾಗಳನ್ನು ಬಿಚ್ಚಿಸಿ, ಮುರಿದ ಪಟ್ಟಿಯನ್ನು ಬದಲಿಸಿ, ಉಳಿದವಕ್ಕೆ ಮೊದಲಿನ ಕಮಾನು ಕೊಡಿಸುವದು. ಬುಷ್ಷುಗಳೂ ಶಾಕ್ ಅಬ್ಸಾರ್ಬರುಗಳೂ ಹೊಸವು. ಟೈರು ಅದೇ ಅಳತೆಯದು, ಭಾರ ಹೊರುವ ದರ್ಜೆಯೂ ಅದೇ. ಆದರೆ ಮಣ್ಣನ್ನು ತಾನೇ ಉದುರಿಸುವಂತೆ ಬಿಡಿಬಿಡಿಯಾದ ಆಳದ ಹಲ್ಲುಗಳುಳ್ಳದ್ದು. ಕ್ರೌನ್ ಪಿನಿಯನ್ನುಗಳನ್ನು ಮುಟ್ಟುವದಿಲ್ಲ. ಗಾಡಿಯಲ್ಲಿ ಯಾವಾಗಲೂ ಒಂದು ಸಲಿಕೆ, ಎರಡು ಹಲಗೆ, ಒಂದು ಗಟ್ಟಿ ಹಗ್ಗ. ಉಳಿದ ಹಣದಲ್ಲಿ ಆ ತಗ್ಗಿಗೆ ನಲವತ್ತು ಹೆಜ್ಜೆಯ ಉದ್ದಕ್ಕೆ ಕಲ್ಲು ತುಂಬಿ, ಮೇಲೆ ಗರಸು ಹಾಸಿ, ನೀರು ಹರಿದುಹೋಗಲು ಕೆಳಗೆ ಒಂದು ಕೊಳವೆ ಇಡುವದು. ಕೊನೆಯ ಮಾತು ಬಡಿಗನದು: “ಜೋರು ಮಳಿ ಇದ್ದ ದಿನ ಗಾಡಿ ಡಾಂಬರ ದಂಡೀಗೆ ನಿಲ್ಲಿಸು. ಮನಿಯಿಂದ ಅಲ್ಲೀತನಕ ಹೊರಸಿನ ಮ್ಯಾಲ ಹೊತಗೊಂಡು ಬರಾಕ ನಾಕು ಮಂದಿ ಸಾಕು.” ಆ ಸುತ್ತಿನ ಹೊಲದ ಮನೆಯವರೆಲ್ಲ ಇದಕ್ಕೆ ಒಪ್ಪಿ, ಒಬ್ಬರ ಕರೆಗೆ ಇನ್ನೊಬ್ಬರು ಬರತಕ್ಕದ್ದೆಂದು ಮಾತಾಯಿತು.

ಉತ್ತರಿ ಮಳೆ ಹಿಡಿದಮೇಲೆ ನಾನು ಮತ್ತೆ ನಾಲತವಾಡಕ್ಕೆ ಹೋಗಿದ್ದೆನು. ಚೈತ್ರದಲ್ಲಿ ಕೈ ಇಳಿಯುತ್ತಿದ್ದ ಬಿರುಕುಗಳೆಲ್ಲ ಮುಚ್ಚಿ, ನೆಲ ಕರಿ ಕಂಬಳಿಯಂತೆ ಉಬ್ಬಿತ್ತು. ಬಿತ್ತುವ ಜೋಳದ ಚೀಲಗಳನ್ನು ಹಿಂದೆ ಹೇರಿಕೊಂಡು, ಮಳೆ ಒಂದು ದಿನ ಹೊಳವು ಕೊಟ್ಟ ಸಂಧಿಯಲ್ಲಿ ಹೊಲದ ಮನೆಗೆ ಹೊರಟೆವು. ಹಾದಿಯಲ್ಲಿ ಒಂದು ಕಡೆ ಗಾಡಿಯ ಹಿಂಬದಿ ಜಾರಿತು. ಅಳಿಯನು ಮೊದಲನೆಯ ಗೇರಿನಲ್ಲಿ, ಎಕ್ಸಲರೇಟರು ತುಳಿಯದೆ, ನಿಧಾನವಾಗಿ ದಾರಿಗೆ ತಂದನು. ತಗ್ಗು ಬಂದಾಗ ಇಬ್ಬರೂ ಮಾತು ನಿಲ್ಲಿಸಿದೆವು. ಗರಸಿನ ಮೇಲೆ ಗಾಲಿಗಳು ಒಮ್ಮೆ ಕರಕರ ಸಪ್ಪಳ ಮಾಡಿ ದಾಟಿಹೋದವು.

ಮನೆಯ ಕಟ್ಟೆಯ ಮೇಲೆ ಸೊಸೆ ಮಗುವನ್ನು ಸೊಂಟದ ಮೇಲೆ ಕೂಡಿಸಿಕೊಂಡು ನಿಂತಿದ್ದಳು. ಅಂದು ಸಂಜೆ ಮೋಡ ಮತ್ತೆ ಕಟ್ಟಿತು. ಊಟವಾದೊಡನೆ ಅಳಿಯನು ಯಾರ ಅಪ್ಪಣೆಗೂ ಕಾಯದೆ ಗಾಡಿಯನ್ನು ಡಾಂಬರು ರಸ್ತೆಯ ದಂಡೆಗೆ ನಿಲ್ಲಿಸಿ, ಕಂದೀಲು ಹಿಡಿದುಕೊಂಡು ನಾಲ್ಕು ಫರ್ಲಾಂಗು ನಡೆದು ಮರಳಿ ಬಂದನು.